ಅಪ್‌ಲೋಡ್ ಒತ್ತೋ ಮುಂಚೆ ಹಿರಿಯರನ್ನ ಕೇಳಿದ್ರಾ?

ಪ್ರಶ್ನೆ: ನಮಸ್ತೆ ಮೇಡಂ, ನಮ್ಮ ಬುಡಕಟ್ಟಿನ ಹಿರಿಯರಿಗೆ ಗೊತ್ತಿರೋ ಗಿಡಮೂಲಿಕೆ, ಬೀಜ ಕಾಪಾಡೋ ರೀತಿ, ಮಳೆ ಸೂಚನೆ ಇದನ್ನೆಲ್ಲ ನಾವು ಕೆಲವರು ವಿಡಿಯೋ ಮಾಡಿ ಫೇಸ್‌ಬುಕ್ಕು, ಯೂಟ್ಯೂಬಿಗೆ ಹಾಕ್ತಿದೀವಿ. ಹಾಕ್ಬೇಡಿ, ಕಂಪನಿಯವರು ಎತ್ಕೊಂಡು ಹೋಗ್ತಾರೆ ಅಂತ ಕೆಲವರು ಬೈತಾರೆ, ಹಾಕದಿದ್ರೆ ಹಿರಿಯರ ಜೊತೆಗೇ ಮಣ್ಣಾಗುತ್ತೆ ಅಂತ ಇನ್ನು ಕೆಲವರು. ನಾವು ಏನ್ ಮಾಡೋದು?

ಉತ್ತರ: ಎರಡೂ ಕಡೆಯವರು ಹೇಳ್ತಿರೋದು ನಿಜಾನೇ, ಅದಕ್ಕೇ ಇದು ಕಷ್ಟದ ಪ್ರಶ್ನೆ. ಅರಿಶಿನದ ಕಥೆ ನಿಮಗೆ ಗೊತ್ತಿರಬಹುದು, 1995ರಲ್ಲಿ ಅಮೆರಿಕದಲ್ಲಿ ಗಾಯ ವಾಸಿ ಮಾಡೋಕೆ ಅರಿಶಿನ ಬಳಸೋದಕ್ಕೆ ಪೇಟೆಂಟ್, ಅಂದ್ರೆ ಅದರ ಮೇಲೆ ಒಬ್ಬರಿಗೇ ಹಕ್ಕು, ಕೊಟ್ಟುಬಿಟ್ಟಿದ್ರು, ನಮ್ಮ ದೇಶದ ಸರ್ಕಾರಿ ವಿಜ್ಞಾನ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ನವರು ಹಳೇ ಗ್ರಂಥ, ಹಳೇ ಲೇಖನ ಎಲ್ಲ ಮುಂದಿಟ್ಟು ವಾದ ಮಾಡಿದ್ಮೇಲೆ 1997ರಲ್ಲಿ ಅದು ರದ್ದಾಯ್ತು. ಗೆಲ್ಲಿಸಿದ್ದು ಬರಹದಲ್ಲಿದ್ದ ಸಾಕ್ಷಿ. ಆಮೇಲೆ 2001ರಲ್ಲಿ ಟಿಕೆಡಿಎಲ್ ಅನ್ನೋ ಪಾರಂಪರಿಕ ತಿಳುವಳಿಕೆಯ ಡಿಜಿಟಲ್ ಲೈಬ್ರರಿ ಶುರು ಮಾಡಿದ್ರು, ಆದ್ರೆ ಅದರಲ್ಲಿ ತುಂಬಿರೋದು ಆಯುರ್ವೇದ, ಯುನಾನಿ, ಸಿದ್ಧ ಇಂಥ ಗ್ರಂಥಗಳಲ್ಲಿ ಇದ್ದಿದ್ದು. ನಿಮ್ಮ ಹಿರಿಯರ ಬಾಯಲ್ಲಿರೋದು ಯಾವ ಗ್ರಂಥದಲ್ಲೂ ಇಲ್ಲ. ತಾರೀಖಿನ ಸಮೇತ ಎಲ್ಲರಿಗೂ ಕಾಣೋ ಹಾಗೆ ಒಂದು ಕಡೆ ಇದ್ರೆ, ನಾಳೆ ಯಾರೋ ಇದು ನಮ್ಮ ಸಂಶೋಧನೆ ಅಂತ ಬಂದಾಗ ತೋರಿಸೋಕೆ ಅದೂ ಒಂದು ಸಾಕ್ಷಿ ಆಗಬಹುದು. ಆದ್ರೆ ಅದೇ ವಿಡಿಯೋ ನೋಡಿ ಸ್ವಲ್ಪ ಆಚೀಚೆ ಬದಲಾಯಿಸಿ ಹೊಸದು ಅಂತ ಪೇಟೆಂಟಿಗೆ ಅರ್ಜಿ ಹಾಕೋರೂ ಇರ್ತಾರೆ, ಅವರು ಅರ್ಜಿ ಹಾಕದ ಹಾಗೆ ತಡೆಯೋಕೆ ನಿಮ್ಮ ಕೈಲಿ ಆಗಲ್ಲ.

ಕೇರಳದ ಕಾಣಿ ಬುಡಕಟ್ಟಿನ ಜನರ ವಿಷಯ ನೋಡಿ. 1987ರಲ್ಲಿ ಅಗಸ್ತ್ಯ ಬೆಟ್ಟಕ್ಕೆ ಹೋದ ವಿಜ್ಞಾನಿಗಳು ದಾರಿ ತೋರಿಸೋಕೆ ಬಂದ ಕಾಣಿಗಳನ್ನ ಗಮನಿಸಿದ್ರು, ಅವರು ಯಾವುದೋ ಕಾಯಿ ತಿನ್ಕೊಂಡು ಸುಸ್ತೇ ಇಲ್ಲದೆ ಬೆಟ್ಟ ಹತ್ತುತಿದ್ರು. ಯಾವ ಗಿಡ ಅಂತ ಕೇಳಿದ್ರೆ ಮೊದಲು ಹೇಳೋಕೆ ಒಪ್ಪಲೇ ಇಲ್ಲ. ಆಮೇಲೆ ಹೇಳಿದ್ರು, ಅದೇ ಆರೋಗ್ಯಪಚ್ಚ, ಅದರಿಂದ ಜೀವನಿ ಅನ್ನೋ ಔಷಧಿ ಬಂತು, ಅದರಿಂದ ಸಂಶೋಧನಾ ಸಂಸ್ಥೆಗೆ ಬರೋ ಲೈಸೆನ್ಸ್ ಫೀ, ರಾಯಲ್ಟಿಯಲ್ಲಿ ಅರ್ಧ ಕಾಣಿಗಳಿಗೆ ಅಂತ ಒಪ್ಪಂದ ಆಯ್ತು, 1997ರಲ್ಲಿ ಅವರದೇ ಟ್ರಸ್ಟೂ ಆಯ್ತು. ಆ ಮೊದಲ ಹಿಂಜರಿಕೆ ಇದೆಯಲ್ಲ, ಅದು ನಂಗೆ ಬಹಳ ಮುಖ್ಯ ಅನ್ಸುತ್ತೆ. ಹೇಳೋದೋ ಬೇಡ್ವೋ ಅನ್ನೋ ಹಕ್ಕು ಗೊತ್ತಿರೋರ ಹತ್ರಾನೇ ಇತ್ತು, ಅದಕ್ಕೇ ಮಾತುಕತೆಗೆ ಜಾಗ ಸಿಕ್ತು. ಫೇಸ್‌ಬುಕ್ಕಲ್ಲಿ ಪಬ್ಲಿಕ್ ಅಂತ ಒತ್ತಿದ ಮೇಲೆ ಆ ಹಕ್ಕು ಮುಗೀತು, ಆಮೇಲೆ ಡಿಲೀಟ್ ಮಾಡಿದ್ರೂ ಅಷ್ಟರಲ್ಲಿ ಯಾರ ಮೊಬೈಲಿಗೆ ಡೌನ್‌ಲೋಡ್ ಆಗಿದ್ಯೋ ಯಾರಿಗ್ ಗೊತ್ತು.

ಅದಕ್ಕೆ ನನ್ನ ಮಾತು ಇಷ್ಟು. ರೆಕಾರ್ಡ್ ಮಾತ್ರ ಇವತ್ತೇ ಮಾಡಿ, ಅದಕ್ಕೆ ಕಾಯೋಕೆ ಹೋಗ್ಬೇಡಿ. ಹಾಕೋ ಮುಂಚೆ ಎಡಿಟ್ ಆದ ವಿಡಿಯೋನ ಆ ಹಿರಿಯರ ಕೈಗೇ ಮೊಬೈಲ್ ಕೊಟ್ಟು ಪೂರ್ತಿ ತೋರಿಸಿ, ಇದು ನಮ್ಮನೆಯವರಿಗಷ್ಟೇನಾ, ನಮ್ಮ ಜನಕ್ಕಾ, ಊರಿಗೆಲ್ಲಾನಾ ಅಂತ ಒಂದೊಂದು ವಿಡಿಯೋಗೂ ಬೇರೆ ಬೇರೆ ಕೇಳಿ, ಅವರು ಕೊಡೋ ಉತ್ತರಾನೂ ರೆಕಾರ್ಡ್ ಮಾಡಿಟ್ಕೊಳ್ಳಿ. ಎಷ್ಟೋ ಸಮುದಾಯಗಳಲ್ಲಿ ಹೆಂಗಸರಷ್ಟೇ ಕೇಳಬೇಕಾದ್ದು, ಇಂಥ ಕಾಲದಲ್ಲಷ್ಟೇ ಹೇಳಬೇಕಾದ್ದು ಅಂತೆಲ್ಲ ಇರುತ್ತೆ. ಆಸ್ಟ್ರೇಲಿಯಾದ ಮೂಲನಿವಾಸಿಗಳಾದ ವಾರುಮುಂಗು ಜನರ ಜೊತೆ ಸೇರಿ ಮಾಡಿದ ಮುಕುರ್ತು ಅನ್ನೋ ಸಾಫ್ಟ್‌ವೇರ್ ಇದೆ, ಫ್ರೀ, ಅದರಲ್ಲಿ ಯಾವ ಫೋಟೋ ಯಾರಿಗೆ ಕಾಣಬೇಕು ಅನ್ನೋದನ್ನ ಸಮುದಾಯದವರೇ ತಮ್ಮ ಕಟ್ಟುಪಾಡಿನ ಪ್ರಕಾರ ಸೆಟ್ ಮಾಡ್ಕೋಬಹುದು. ಯೂಟ್ಯೂಬಲ್ಲಿ ಅಂಥ ಸೌಲಭ್ಯ ಇಲ್ಲ, ಆ ಕಾವಲನ್ನ ನೀವೇ ಮಾಡಬೇಕು.

ಇನ್ನೊಂದು, ಅಪರೂಪದ ಗಿಡ ಆದ್ರೆ ಜಾಗ ಗೊತ್ತಾಗೋ ಹಾಗೆ ಹಾಕಲೇಬೇಡಿ. ಲೊಕೇಶನ್ ಟ್ಯಾಗ್ ತೆಗೆದ್ರೂ ಹಿಂದೆ ಕಾಣೋ ಬಂಡೆ, ಬೋರ್ಡು ನೋಡಿ ಹುಡುಕ್ತಾರೆ.

ಪ್ರಶ್ನೆ: ನಮ್ಮದು ಸಮುದಾಯದವರದ್ದೇ ವಾಟ್ಸಾಪ್ ಗ್ರೂಪ್, ಅಜ್ಜಿಯಂದಿರ ವಾಯ್ಸ್ ಮೆಸೇಜ್ ಎಲ್ಲ ಅದರಲ್ಲೇ ಇದೆ. ಬೇರೆ ಕಡೆ ಇಡಬೇಕಾ?

ಉತ್ತರ: ಖಂಡಿತ ಇಡಬೇಕು. ಅಜ್ಜಿಯಂದಿರು ಬರೆಯೋ ಕಷ್ಟ ಇಲ್ಲದೆ ತಮ್ಮ ಮಾತಲ್ಲೇ ಹೇಳ್ತಾರಲ್ಲ, ಅದು ದೊಡ್ಡ ವಿಷಯ, ಗ್ರೂಪ್ ಬಿಡ್ಬೇಡಿ. ಆದ್ರೆ ಮೊಬೈಲ್ ಕಳೆದ್ರೆ, ಬ್ಯಾಕಪ್ ಇಲ್ದಿದ್ರೆ, ಅಲ್ಲಿಗೆ ಹೋಯ್ತು. ಡಿಸಪಿಯರಿಂಗ್ ಮೆಸೇಜ್ ಯಾರೋ ಆನ್ ಮಾಡಿದ್ರೆ ಆಮೇಲೆ ಬಂದ ಮೆಸೇಜ್ ತಾನಾಗೇ ಅಳಿಸಿಹೋಗುತ್ತೆ. ಫೋಟೋ ವಿಡಿಯೋ ಮಾಮೂಲಿಯಾಗಿ ಕಳಿಸಿದ್ರೆ ಕ್ವಾಲಿಟಿ ಇಳಿಯುತ್ತೆ, ಎಲೆಯ ಅಂಚು ಹೇಗಿದೆ ಅನ್ನೋದೇ ಕಾಣಲ್ಲ. ಡಾಕ್ಯುಮೆಂಟ್ ಅಂತ ಕಳಿಸಿದ್ರೆ ಒರಿಜಿನಲ್ ಹಾಗೇ ಹೋಗುತ್ತೆ, ಫೈಲಲ್ಲಿ ಜಾಗದ ವಿವರ ಇದ್ರೆ ಅದೂ ಹೋಗುತ್ತೆ, ಹುಷಾರು.

ಅದಕ್ಕಿಂತ ದೊಡ್ಡ ತೊಂದರೆ ಫಾರ್ವರ್ಡಿಂದು. ಅಜ್ಜಿ ನಾಲ್ಕು ನಿಮಿಷ ಮಾತಾಡಿರ್ತಾರೆ, ಎಳೇ ಎಲೆ ಮಾತ್ರ ಕೀಳಬೇಕು, ಇಷ್ಟೇ ಹಾಕಬೇಕು, ಬಸುರಿಯರಿಗೆ ಕೊಡಲೇಬಾರದು ಅಂತ. ಯಾರೋ ಅದನ್ನ ಅರ್ಧ ನಿಮಿಷದ ರೀಲ್ ಮಾಡಿ ಬಿಡ್ತಾರೆ, ಉಳಿಯೋದು ಎಲೆ ಮತ್ತೆ ಕಾಯಿಲೆ ಹೆಸರು. ಬಸುರಿಯರ ಮಾತು ಕಟ್. ಅದಕ್ಕೆ ಎಚ್ಚರಿಕೆ ಮಾತನ್ನ ಮೊದಲೇ ಹೇಳಿಸಿ, ನಡುವೆ ಒಂದ್ಸಲ ಮತ್ತೆ ಹೇಳಿಸಿ. ಹೊಟ್ಟೆಗೆ ತಗೊಳ್ಳೋ ಔಷಧಿಯಾದ್ರೆ ಪ್ರಮಾಣ, ತಯಾರಿ ಪಬ್ಲಿಕ್ಕಾಗಿ ಹಾಕದೇ ಇರೋದೇ ಒಳ್ಳೇದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಒರಿಜಿನಲ್ ಫೈಲ್ ಎರಡು ಹಾರ್ಡ್ ಡಿಸ್ಕಲ್ಲಿ, ಎರಡು ಬೇರೆ ಮನೆಯಲ್ಲಿ ಇರಲಿ. ಜೊತೆಗೆ ಹೇಳಿದೋರು ಯಾರು, ಯಾವತ್ತು, ಗಿಡಕ್ಕೆ ಅವರು ಅನ್ನೋ ಹೆಸರೇನು, ಯಾರಿಗೆ ತೋರಿಸಬಹುದು ಅಂದಿದ್ರು, ಇಷ್ಟು ಬರೆದಿಡಿ.

ಪ್ರಶ್ನೆ: ನಮ್ಮ ವಿಡಿಯೋನ ಬೇರೆ ಚಾನೆಲ್‌ನವರು ತಮ್ಮದು ಅಂತ ಹಾಕ್ಕೊಂಡಿದ್ದಾರೆ. ಏನಾದ್ರೂ ಮಾಡಬಹುದಾ?

ಉತ್ತರ: ಶೂಟ್ ಮಾಡಿದೋರು ನೀವೇ ಆದ್ರೆ ವಿಡಿಯೋದ ಕಾಪಿರೈಟ್ ನಿಮ್ಮದು, ಯೂಟ್ಯೂಬಿಗೆ ಕಾಪಿರೈಟ್ ದೂರು ಕೊಟ್ಟು ತೆಗೆಸಬಹುದು. ಆದ್ರೆ ಅದೇ ವಿಷಯಾನ ಅವರು ತಮ್ಮ ಬಾಯಲ್ಲಿ ಹೇಳಿ ಹೊಸ ವಿಡಿಯೋ ಮಾಡಿದ್ರೆ ಕಾಪಿರೈಟ್ ಕೆಲಸಕ್ಕೆ ಬರಲ್ಲ, ಅದು ರಕ್ಷಿಸೋದು ವಿಡಿಯೋನ, ಅದರೊಳಗಿನ ತಿಳುವಳಿಕೆನ ಅಲ್ಲ. 2024ರ ಮೇ ತಿಂಗಳಲ್ಲಿ ವೈಪೋ, ಅಂದ್ರೆ ವಿಶ್ವಸಂಸ್ಥೆಯ ಬೌದ್ಧಿಕ ಆಸ್ತಿ ಸಂಸ್ಥೆಯ ಸದಸ್ಯ ದೇಶಗಳು ಒಂದು ಒಪ್ಪಂದ ಒಪ್ಪಿಕೊಂಡಿವೆ, ಗಿಡಮರ, ಜೀವಿಗಳ ತಳಿ ಸಂಪತ್ತಿಗೆ ಸೇರಿದ ಇಂಥ ತಿಳುವಳಿಕೆ ಬಳಸಿ ಪೇಟೆಂಟ್ ಕೇಳೋರು ಅದು ಯಾವ ಸಮುದಾಯದಿಂದ ಬಂತು ಅಂತ ಹೇಳಬೇಕು ಅಂತ, ಆದ್ರೆ ಅದು ಪೇಟೆಂಟಿಗೆ ಮಾತ್ರ, ಚಾನೆಲ್‌ನವರಿಗಲ್ಲ. ಸದ್ಯಕ್ಕೆ ದೂರು ಕೊಡಿ, ನಿಮ್ಮ ಒರಿಜಿನಲ್ ಲಿಂಕನ್ನ ಅವರ ಕಾಮೆಂಟಲ್ಲಿ ಹಾಕಿ, ಹಿರಿಯರು ಒಪ್ಪಿದ್ರೆ ಮುಂದಿನ ವಿಡಿಯೋದಲ್ಲಿ ಅವರ ಹೆಸರನ್ನ ಅವರ ಬಾಯಲ್ಲೇ ಹೇಳಿಸಿ.