ಕೋವಿ ಬಿಡಿ ಅನ್ನುವ ಮೊದಲು

ಈ ಪ್ರಕರಣ ಬರೆಯಲು ಆ ಕುಟುಂಬದ ಒಪ್ಪಿಗೆ ಇದೆ. ಗುರುತು ಸಿಗಬಾರದು ಅಂತ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಆ ಹಿರಿಯರನ್ನು ಇಲ್ಲಿ ಅಂಕಲ್ ಅಂತಲೇ ಕರೆಯುತ್ತೇನೆ. ಎದುರಿಗೆ ಕೂತು ಮಾತಾಡುವಾಗಲೂ ಹಾಗೇ ಕರೆಯುತ್ತಿದ್ದೆ.

ನಾನು ಅಮೆರಿಕದಲ್ಲಿ ವಯಸ್ಸಾದವರ ಜೊತೆ ಕೆಲಸ ಮಾಡುವ ಆಪ್ತಸಲಹೆಗಾರ್ತಿ. ಕನ್ನಡದಲ್ಲಿ ಮಾತಾಡಬಹುದು ಅಂತ ಹುಡುಕಿಕೊಂಡು ಬರುವವರು ಇದ್ದಾರೆ. ಅಂಕಲ್ ಹಾಗೆ ಬಂದವರಲ್ಲ. ಅವರನ್ನು ಹೆಂಡತಿ ಮತ್ತು ಮಗಳು ಕರೆದುಕೊಂಡು ಬಂದರು. ಫೆಬ್ರವರಿ ತಿಂಗಳು, ಹೊರಗೆ ಮೊಣಕಾಲುದ್ದ ಹಿಮ. ಅಂಕಲ್ ಕೋಟು ಕೂಡ ಬಿಚ್ಚದೆ ಕೂತರು.

ಅವರಿಗೆ 73 ವರ್ಷ. ಹುಟ್ಟೂರು ಕೊಡಗು. ಎಂಜಿನಿಯರ್ ಆಗಿ ಬಂದು ನಲವತ್ತು ವರ್ಷದ ಮೇಲಾಯಿತು. ಇಪ್ಪತ್ತು ವರ್ಷದಿಂದ ಒಂದು ರೈಫಲ್ ಕ್ಲಬ್ಬಿನ ಸದಸ್ಯರು. ಗುಂಡು ಹಾರಿಸುವುದಕ್ಕಿಂತ ಜಾಸ್ತಿ ಖುಷಿ ಅವರಿಗೆ ತೋಟಾ ತಯಾರಿಸುವುದರಲ್ಲಿ. ಹಾರಿಸಿದ ಮೇಲೆ ಉಳಿಯುವ ಹಿತ್ತಾಳೆ ಕೇಸನ್ನು ಬಿಸಾಡುವುದಿಲ್ಲ. ಪ್ರೆಸ್ಸಿಗೆ ಹಾಕಿ ಸುಟ್ಟ ಪ್ರೈಮರ್ (ಕೋವಿಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಬಿಲ್ಲೆ) ಹೊರಗೆ ತಳ್ಳಿ, ಉಬ್ಬಿದ ಕೇಸನ್ನು ಡೈ ಅನ್ನುವ ಅಚ್ಚಿನಲ್ಲಿ ಮತ್ತೆ ಅಳತೆಗೆ ತಂದು, ಹೊಸ ಪ್ರೈಮರ್ ಕೂರಿಸಿ, ಮದ್ದು ತೂಗಿ ಹಾಕಿ, ಮೇಲೆ ಬುಲೆಟ್ ಕೂರಿಸುತ್ತಾರೆ. ಮದ್ದು ತೂಗುವುದು ಗ್ರೇನ್ ಲೆಕ್ಕದಲ್ಲಿ. ಒಂದು ಪೌಂಡಿಗೆ 7000 ಗ್ರೇನ್. ಅಂಕಲ್ ಒಂದು ಗ್ರೇನಿನ ಹತ್ತನೇ ಒಂದು ಭಾಗದವರೆಗೂ ತೂಗುವವರು. ಚಳಿಗಾಲದಲ್ಲಿ ಮನೆಯ ನೆಲಮಾಳಿಗೆಯಲ್ಲಿ ಅವರಿಗೆ ಇದೇ ಕೆಲಸ.

ಮೈ ಮಾತ್ರ ಒಂದೊಂದಾಗಿ ಕೈಕೊಡುತ್ತಾ ಬಂದಿತ್ತು. ಬಲ ಭುಜದ ಸ್ನಾಯುಬಂಧ ಹರಿದು ಹೊಲಿಗೆ ಹಾಕಿಸಿದ್ದರು. ಅವರು ಬಲಗೈಯವರು, ರೈಫಲಿನ ಪೆಟ್ಟು ಬೀಳುವುದು ಅದೇ ಭುಜಕ್ಕೆ. ಎಡಕ್ಕೆ ಬದಲಾಯಿಸೋಣ ಅಂದರೆ ಎಡಗಡೆ ಎದೆಯಲ್ಲಿ ಪೇಸ್‌ಮೇಕರ್. ಆ ಕಡೆ ಪದೇ ಪದೇ ಪೆಟ್ಟು ಬಿದ್ದರೆ ಹೃದಯಕ್ಕೆ ಹೋಗುವ ತಂತಿ ಹಾಳಾಗಬಹುದು. ಕೈ ನಡುಕ. ಎರಡೂ ಕಣ್ಣಿಗೆ ಪೊರೆಯ ಶಸ್ತ್ರಚಿಕಿತ್ಸೆ ಆಗಿತ್ತು. ಕಿವಿಯಲ್ಲಿ ಸದಾ ಗುಂಯ್ ಅನ್ನುವ ಸದ್ದು.

ಮನೆಯಲ್ಲಿ ಜಗಳ ಹತ್ತಿದ್ದು ಮಾತ್ರ ಇದಕ್ಕಲ್ಲ. ನವೆಂಬರಿನಲ್ಲಿ ರೇಂಜಿನಲ್ಲಿ, ಅಂದರೆ ಗುರಿ ಇಟ್ಟು ಹೊಡೆಯುವ ಜಾಗದಲ್ಲಿ, ಅವರ ಒಂದು ತೋಟಾ ಸರಿಯಾಗಿ ಹಾರಲಿಲ್ಲ. ಢಂ ಅನ್ನುವ ಬದಲು ಟಪ್ ಅಂತ ಚಿಕ್ಕ ಸದ್ದು. ಕೇಸಿನಲ್ಲಿ ಮದ್ದೇ ಇರಲಿಲ್ಲ. ಪ್ರೈಮರಿನ ಬಲಕ್ಕೆ ಬುಲೆಟ್ ನಳಿಗೆಯೊಳಗೆ ಹೋಗಿ ಸಿಕ್ಕಿಕೊಂಡಿತ್ತು. ಅದಕ್ಕೆ ಅಲ್ಲಿ ಸ್ಕ್ವಿಬ್ ಅನ್ನುತ್ತಾರೆ. ಅದು ತಿಳಿಯದೆ ಇನ್ನೊಂದು ಹಾರಿಸಿದರೆ ನಳಿಗೆಯೇ ಸಿಡಿಯಬಹುದು. ಮುಂದಿನ ತೋಟಾ ಏರಿಸುವಷ್ಟರಲ್ಲಿ ಪಕ್ಕದ ಗೆಳೆಯರು ಕೂಗಿ ನಿಲ್ಲಿಸಿದರು. ಅಂಕಲ್ ಮನೆಗೆ ಬಂದು ಬಾಯಿ ಬಿಡಲಿಲ್ಲ. ಡಿಸೆಂಬರಿನಲ್ಲಿ ಆ ಗೆಳೆಯರ ಬಾಯಿಂದ ಮಗಳಿಗೆ ಗೊತ್ತಾಯಿತು. ಕೋವಿ, ಮದ್ದು, ಪ್ರೆಸ್ಸು ಎಲ್ಲ ಮಾರಿಬಿಡಿ ಅಂತ ಅವಳು ಹಟ ಹಿಡಿದಳು. ಅಂಕಲ್ ಅವಳ ಜೊತೆ ಮಾತು ಬಿಟ್ಟರು. ಆಮೇಲೆ ಊಟ ಕೂಡ ಕಡಿಮೆ ಮಾಡಿದರು.

ಮೊದಲ ದಿನ ನನ್ನ ಮನಸ್ಸು ಮಗಳ ಕಡೆಗೇ ಇತ್ತು ಅಂತ ಒಪ್ಪಿಕೊಳ್ಳಬೇಕು. ಆ ವಯಸ್ಸು, ಆ ಕೈ ನಡುಕ, ಮನೆಯಲ್ಲಿ ಮದ್ದು. ಯಾರಿಗಾದರೂ ಹಾಗೇ ಅನ್ನಿಸುತ್ತದೆ ಅಲ್ವಾ? ಆದರೆ ಅಂಕಲ್ ಅವತ್ತು ಆಡಿದ್ದು ಒಂದೇ ಮಾತು. "ಅಮ್ಮಾ, ನಾನು ಹುಟ್ಟಿದಾಗ ನಮ್ಮಜ್ಜ ಅಂಗಳದಲ್ಲಿ ನಿಂತು ಒಂದು ಈಡು ಹೊಡೆದಿದ್ದರು. ನಾನು ಸತ್ತಾಗ ಎರಡು ಈಡು ಹೊಡೆಯೋರು ಇಲ್ಲಿ ಯಾರಿದ್ದಾರೆ?"

ಕೊಡಗಿನ ಪರಿಚಯ ಇರುವವರಿಗೆ ಇದು ಅರ್ಥವಾಗುತ್ತದೆ. ಗಂಡು ಮಗು ಹುಟ್ಟಿದರೆ ಒಂದು ಈಡು, ಮನೆಯಲ್ಲಿ ಸಾವಾದರೆ ಎರಡು. ಸೆಪ್ಟೆಂಬರ್ 3ರ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗಳನ್ನು ತೊಳೆದು ಒರೆಸಿ, ತೋಕ್ ಪೂ ಸಿಕ್ಕಿಸಿ ಪೂಜೆ ಮಾಡುತ್ತಾರೆ. ತೋಕ್ ಅಂದರೆ ಕೊಡವ ಮಾತಿನಲ್ಲಿ ಕೋವಿ. ನಾವು ಗೌರಿ ಹೂ ಅನ್ನುತ್ತೇವಲ್ಲ, ಅದೇ ಹೂ. ಆಮೇಲೆ ತೆಂಗಿನಕಾಯಿಗೆ ಗುರಿ ಇಟ್ಟು ಹೊಡೆಯುವ ಪಂದ್ಯ. ಬ್ರಿಟಿಷರ ಕಾಲದಿಂದಲೂ ಕೊಡವರಿಗೆ ಕೋವಿ ಪರವಾನಗಿಯಿಂದ ವಿನಾಯಿತಿ ಇದೆ. 2021ರಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಅಂಕಲ್ ಹುಡುಗನಾಗಿದ್ದಾಗ ಅಜ್ಜನ ಕೇಪಿನ ಕೋವಿಗೆ ಮದ್ದು ಅಳೆದು ಕೊಡುತ್ತಿದ್ದದ್ದು ಅವರೇ. ಅಳತೆ ತಪ್ಪಬಾರದು ಅನ್ನುವುದು ಅಲ್ಲಿಂದ ಬಂದದ್ದು. ನೆಲಮಾಳಿಗೆಯ ತಕ್ಕಡಿ ಮುಂದೆ ಕೂತಾಗ ಅವರು ಅಜ್ಜನ ಪಕ್ಕದಲ್ಲೇ ಕೂತಿರುತ್ತಾರೆ. ಅಮೆರಿಕದಲ್ಲಿ ಹುಟ್ಟಿದ ಮಗಳಿಗೆ ಇದನ್ನು ಅವರು ಹೇಳಿಯೇ ಇರಲಿಲ್ಲ.

ಎರಡನೇ ಭೇಟಿಗೆ ಅಂಕಲ್ ಒಬ್ಬರನ್ನೇ ಕರೆದೆ. ಈ ಕೆಲಸದಲ್ಲಿ ಬಿಡಲೇಬಾರದ ಪ್ರಶ್ನೆ ಒಂದಿದೆ. ನೇರವಾಗಿ ಕೇಳಿದೆ. "ಅಂಕಲ್, ಸತ್ತುಹೋಗಬೇಕು ಅಂತ ಅನ್ನಿಸಿದ್ದಿದೆಯಾ? ಕೋವಿಯಿಂದಲೇ?" ತುಂಬಾ ಹೊತ್ತು ಸುಮ್ಮನಿದ್ದರು. "ಜನವರಿಯಲ್ಲಿ. ಒಂದು ರಾತ್ರಿ. ಕೆಳಗೆ ಇಳಿಯಲಿಲ್ಲ," ಅಂದರು. ಆಮೇಲೆ ಅತ್ತರು.

ಅಮೆರಿಕದಲ್ಲಿ ಕೋವಿಯಿಂದ ಆಗುವ ಸಾವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಆತ್ಮಹತ್ಯೆ. ಕೇಳಿದರೆ ತಲೆಗೆ ಹುಳ ಬಿಟ್ಟ ಹಾಗಾಗುತ್ತದೆ ಅಂತ ಮನೆಯವರು ಹೆದರುತ್ತಾರೆ. ಹಾಗಾಗುವುದಿಲ್ಲ. ಕೇಳಿದಾಗ ಮನಸ್ಸು ಹಗುರಾಗುತ್ತದೆ. ಅವತ್ತೇ ಅಂಕಲ್ ಒಪ್ಪಿಗೆ ಪಡೆದು ಆಂಟಿಗೂ ಮಗಳಿಗೂ ತಿಳಿಸಿದೆವು. ಕೋವಿ, ತೋಟಾ, ಮದ್ದು, ಪ್ರೈಮರ್ ಮನೆಯಿಂದ ಹೊರಗೆ ಹೋಗಬೇಕು ಅಂದೆ. ಮಾರುವುದಲ್ಲ, ಸ್ವಲ್ಪ ಕಾಲ ಬೇರೆ ಕಡೆ ಇಡುವುದು. ಹಾಗೆ ಕೊಡುವ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ, ಅದನ್ನು ವಿಚಾರಿಸಿಕೊಂಡೇ ಕ್ಲಬ್ಬಿನ ಗೆಳೆಯರ ಬೀರುವಿಗೆ ಸೇರಿಸಿದೆವು. ಪ್ರೆಸ್ಸು, ಡೈ, ತಕ್ಕಡಿ ಮನೆಯಲ್ಲೇ ಉಳಿದವು. ಖಿನ್ನತೆಗೆ ಅವರ ವೈದ್ಯರು ಚಿಕಿತ್ಸೆ ಶುರು ಮಾಡಿದರು. ಆತ್ಮಹತ್ಯೆಯ ಯೋಚನೆ ಬಂದಾಗ ಕರೆ ಮಾಡುವ ಇಲ್ಲಿನ ಸಹಾಯವಾಣಿ 988 ನಂಬರನ್ನು ಫೋನಿನಲ್ಲಿ ಹಾಕಿಕೊಟ್ಟೆ. ಭಾರತದಲ್ಲಿ ಓದುತ್ತಿರುವವರಿಗೆ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.

"ಹಾಗಾದರೆ ಮುಗೀತು ಅನ್ನಿ," ಅಂದರು ಅಂಕಲ್. ಇಲ್ಲ ಅಂದೆ. ಬಿಡಬೇಕಾ ಬೇಡವಾ ಅಂತ ಒಟ್ಟಿಗೆ ಕೇಳುವುದು ಬೇಡ. ಈ ಹವ್ಯಾಸವನ್ನು ಬಿಡಿಬಿಡಿ ಮಾಡಿ ನೋಡೋಣ. ಭುಜಕ್ಕೆ ಯಾವುದು ಭಾರ, ಕಣ್ಣಿಗೆ ಯಾವುದು ಕಷ್ಟ, ಮನಸ್ಸು ಎಲ್ಲಿ ಚದುರುತ್ತದೆ. ಒಂದೊಂದಕ್ಕೂ ಬೇರೆ ಉತ್ತರ ಇರಬಹುದು.

ಮೊದಲು ಸ್ಕ್ವಿಬ್. ಅದು ಮರೆವಿನ ರೋಗವಾ? ಮಗಳ ನಿಜವಾದ ಭಯ ಅದೇ. ನೆನಪಿನ ಪರೀಕ್ಷೆ ಮಾಡಿಸಿದೆವು. ವಯಸ್ಸಿಗೆ ತಕ್ಕಂತಿದೆ, ವರ್ಷಕ್ಕೊಮ್ಮೆ ನೋಡೋಣ ಅಂದರು ವೈದ್ಯರು. ಆಮೇಲೆ ಆ ರಾತ್ರಿ ಏನಾಯಿತು ಅಂತ ಕೂತು ನೆನಪು ಮಾಡಿಕೊಂಡೆವು. ಅವರು ತೋಟಾ ತುಂಬುತ್ತಿದ್ದದ್ದು ರಾತ್ರಿ ಊಟ ಆದ ಮೇಲೆ. ಆಗ ಕೊಡಗಿನಲ್ಲಿ ಬೆಳಗ್ಗೆ. ತಮ್ಮನ ಫೋನು ಬಂತು, ಅಣ್ಣ ತಮ್ಮ ತೋಟದ ವಿಚಾರ ಅರ್ಧ ಗಂಟೆ ಮಾತಾಡಿದರು. ವಾಪಸ್ ಕೂತವರು ಒಂದು ಕೇಸನ್ನು ದಾಟಿ ಶುರು ಮಾಡಿದರು. ಇಪ್ಪತ್ತೈದರ ಹುಡುಗನೂ ಮಾಡಬಹುದಾದ ತಪ್ಪು. ಅದನ್ನು ಹೇಳಿದಾಗ ಅವರ ಮುಖ ಬದಲಾದದ್ದು ನನಗೆ ಇನ್ನೂ ನೆನಪಿದೆ.

ಹಾಗಂತ ಬಿಟ್ಟುಬಿಡುವ ತಪ್ಪಲ್ಲ. ಒಂದಕ್ಕೆ ಮದ್ದು ಬೀಳದೆ ಇರಬಹುದಾದರೆ ಇನ್ನೊಂದಕ್ಕೆ ಎರಡು ಸಲ ಬೀಳಲೂಬಹುದು, ಅದು ಇನ್ನೂ ಕೆಟ್ಟದ್ದು. ಅಂಕಲ್ ತಾವೇ ಹೊಸ ಕ್ರಮ ಬರೆದರು. ಮದ್ದಿನ ಕೆಲಸ ಇನ್ನು ಬೆಳಗ್ಗೆ ಮಾತ್ರ, ಒಂದೂವರೆ ಗಂಟೆ, ಫೋನು ಮೇಲೆ ಅಡುಗೆಮನೆಯಲ್ಲಿ. ಮೇಜಿನ ಮೇಲೆ ಒಂದೇ ಡಬ್ಬಿ ಮದ್ದು. ಖಾಲಿ ಕೇಸುಗಳು ಹಲಗೆಯ ತೂತುಗಳಲ್ಲಿ ಬಾಯಿ ಕೆಳಗಾಗಿ, ತುಂಬಿದವು ಮೇಲಾಗಿ. ಬುಲೆಟ್ ಕೂರಿಸುವ ಮೊದಲು ಟಾರ್ಚ್ ಬಿಟ್ಟು ಪ್ರತಿಯೊಂದರಲ್ಲೂ ಮದ್ದಿನ ಮಟ್ಟ ನೋಡುವುದು. ನಡುವೆ ಯಾರಾದರೂ ಕರೆದರೆ ಇಡೀ ಹಲಗೆಯ ಮದ್ದು ವಾಪಸ್ ಡಬ್ಬಿಗೆ. ನಡುಗುವ ಕೈಗೆ ಚಮಚದ ಬದಲು ತಾನೇ ತೂಗಿ ಸುರಿಯುವ ಎಲೆಕ್ಟ್ರಾನಿಕ್ ಯಂತ್ರ. ಬೆರಳಿನಿಂದ ಹಿಂಡಿ ಪ್ರೈಮರ್ ಕೂರಿಸುವ ಸಾಧನದ ಬದಲು ಮೇಜಿಗೆ ಬಿಗಿಯುವಂಥದ್ದು.

ರಕ್ತದಲ್ಲಿ ಸೀಸದ ಪರೀಕ್ಷೆ ಮಾಡಿಸಿ ಅಂತಲೂ ಹೇಳಿದ್ದೆ. ಪ್ರೈಮರ್ ಸುಟ್ಟಾಗ ಸೀಸದ ಧೂಳು ಬರುತ್ತದೆ. ಗಾಳಿ ಸರಿಯಾಗಿ ಆಡದ ಒಳಾಂಗಣ ರೇಂಜಿನಲ್ಲಿ ಅದು ಉಸಿರಿಗೇ ಹೋಗುತ್ತದೆ. ಸೀಸ ರಕ್ತದೊತ್ತಡ ಏರಿಸುತ್ತದೆ, ಮೂತ್ರಪಿಂಡಕ್ಕೆ ಕೆಟ್ಟದ್ದು, ಮನಸ್ಸನ್ನೂ ಮಂಕು ಮಾಡುತ್ತದೆ. ಅಂಕಲ್ ರಕ್ತದಲ್ಲಿ ಸೀಸ ಜಾಸ್ತಿಯೇ ಇತ್ತು. ಒಳಾಂಗಣ ರೇಂಜ್ ನಿಂತಿತು. ಹಿತ್ತಾಳೆ ಕೇಸುಗಳನ್ನು ಒಣ ಹೊಟ್ಟಿನಲ್ಲಿ ತಿರುಗಿಸಿ ಉಜ್ಜುವುದು ಬಿಟ್ಟು ನೀರಿನಲ್ಲಿ ತೊಳೆಯತೊಡಗಿದರು. ನೆಲಮಾಳಿಗೆಯಲ್ಲಿ ಕಾಫಿ ಇಲ್ಲ, ಚಕ್ಕುಲಿ ಇಲ್ಲ. ಅಂಬೆಗಾಲಿಡುವ ಮೊಮ್ಮಗು ಬರುವ ಮನೆ, ಹಾಗಾಗಿ ಆ ಬಟ್ಟೆ ಚಪ್ಪಲಿ ಅಲ್ಲೇ ಬಿಟ್ಟು ಮೇಲೆ ಬರುವುದು.

ಭುಜದ ವಿಷಯ ನನಗೆ ಗೊತ್ತಿಲ್ಲದ್ದು. ಮೂಳೆ ವೈದ್ಯರನ್ನೂ ಹೃದಯದ ವೈದ್ಯರನ್ನೂ ನೇರವಾಗಿ ಕೇಳಿ, ಯಾವ ರೈಫಲ್, ಯಾವ ಭುಜ, ದಿನಕ್ಕೆ ಎಷ್ಟು ಗುಂಡು ಅಂತ ಹೇಳಿಯೇ ಕೇಳಿ ಅಂದೆ. ನಾಚಿಕೆಯಿಂದ "ಸ್ವಲ್ಪ ವ್ಯಾಯಾಮ" ಅಂದುಬಿಟ್ಟರೆ ವೈದ್ಯರಿಗೆ ಏನು ಗೊತ್ತಾಗಬೇಕು? ಎಡ ಭುಜ ಬೇಡವೇ ಬೇಡ ಅಂದರು ಒಬ್ಬರು. ಬಲ ಭುಜಕ್ಕೆ ಹಗುರ ಪೆಟ್ಟಿನದು ಪರವಾಗಿಲ್ಲ ಅಂದರು ಇನ್ನೊಬ್ಬರು. ಅಂಕಲ್ ದೊಡ್ಡ ತೋಟಾದ ತಮ್ಮ ಪ್ರೀತಿಯ .30-06 ರೈಫಲ್ ಬಿಟ್ಟು, ಪೆಟ್ಟು ಕಡಿಮೆ ಇರುವ .223ಕ್ಕೆ ಇಳಿದರು. ರೈಫಲ್ ಭಾರವಿದ್ದಷ್ಟೂ ಪೆಟ್ಟು ಕಡಿಮೆ. ಅದನ್ನು ಎತ್ತಿಕೊಂಡು ನಡೆಯಬೇಕಿಲ್ಲ, ಚಕ್ರದ ಗಾಡಿ ಇದೆ. ನಳಿಗೆ ತುದಿಗೆ ಹಾಕುವ ಬ್ರೇಕ್ ಪೆಟ್ಟು ಇಳಿಸುತ್ತದೆ, ಆದರೆ ಸದ್ದು ಏರಿಸುತ್ತದೆ. ಆ ಕಿವಿಗೆ ಅದು ಬೇಡ ಅಂತಾಯಿತು.

ಆಡುವುದಕ್ಕೆ ಅವರಿಗೆ ಸರಿಹೊಂದುವ ಪಂದ್ಯವೂ ಇತ್ತು. ಕೆನಡಾದ ಜಾರ್ಜ್ ಫಾರ್ಕ್ವಾರ್ಸನ್ ಅನ್ನುವವರಿಗೆ ವಯಸ್ಸಾದ ಮೇಲೆ ಹಳೇ ರೀತಿಯಲ್ಲಿ ಕೈಯಲ್ಲೇ ರೈಫಲ್ ಹಿಡಿದು, ದುರ್ಬೀನು ಇಲ್ಲದೆ ಗುರಿ ಇಡುವುದು ಕಷ್ಟವಾಯಿತು. ರೈಫಲಿಗೆ ಆಸರೆ ಕೊಟ್ಟು, ದುರ್ಬೀನು ಹಾಕಿ ಹೊಡೆಯುವ ವಿಭಾಗ ಅವರಿಂದ ಶುರುವಾಯಿತು. ಅವರ ಹೆಸರಿನ ಮೊದಲ ಅಕ್ಷರದಿಂದಲೇ ಅದಕ್ಕೆ ಎಫ್ ಕ್ಲಾಸ್ ಅನ್ನುತ್ತಾರೆ. ನೆಲದ ಮೇಲೆ ಮಲಗಿ ಹೊಡೆಯಬೇಕು. ಅಂಕಲ್ ಮಂಡಿ ಅದಕ್ಕೆ ಒಪ್ಪಿತು, ಏಳುವಾಗ ಮಾತ್ರ ಒಬ್ಬರು ಕೈ ಕೊಡಬೇಕು. ಗುರಿಯೂ ದುರ್ಬೀನಿನೊಳಗಿನ ಗೆರೆಯೂ ಒಟ್ಟಿಗೆ ಸ್ಪಷ್ಟವಾಗಿ ಕಾಣುವುದರಿಂದ ಕಣ್ಣಿಗೂ ಹಿತ. ಈ ವಯಸ್ಸಿನಲ್ಲಿ ಯಾರು ಹೊಡೀತಾರೆ ಅಂತ ಮಗಳು ಕೇಳಿದಾಗ ಸ್ವೀಡನ್ನಿನ ಆಸ್ಕರ್ ಸ್ವಾನ್ ಹೆಸರು ಹೇಳಿದೆ. 1920ರ ಆಂಟ್ವರ್ಪ್ ಒಲಿಂಪಿಕ್ಸ್‌ನಲ್ಲಿ ತಂಡದ ಜೊತೆ ಬೆಳ್ಳಿ ಗೆದ್ದಾಗ ಆತನಿಗೆ 72.

ನಡುಕಕ್ಕೆ ಕೊಟ್ಟ ಮಾತ್ರೆ ಪ್ರೊಪ್ರನಾಲಾಲ್. ಪೇಸ್‌ಮೇಕರ್ ಇರುವುದರಿಂದ ಹೃದಯದ ವೈದ್ಯರನ್ನು ಕೇಳಿಯೇ ಕೊಟ್ಟರು. ಕೈ ಸ್ಥಿರ ಮಾಡುತ್ತದೆ ಅಂತಲೇ ಅಂತಾರಾಷ್ಟ್ರೀಯ ಶೂಟಿಂಗಿನಲ್ಲಿ ಅದು ನಿಷಿದ್ಧ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಉತ್ತರ ಕೊರಿಯಾದ ಶೂಟರ್ ಒಬ್ಬರು ಇದರಿಂದ ಎರಡು ಪದಕ ಕಳೆದುಕೊಂಡರು. ಅಂಕಲ್ ತಾವೇ ಹೋಗಿ ಕ್ಲಬ್ಬಿನವರಿಗೆ ಹೇಳಿದರು. ನಮ್ಮ ಭಾನುವಾರದ ಪಂದ್ಯಕ್ಕೆ ಅದೆಲ್ಲ ಇಲ್ಲ, ಬನ್ನಿ ಅಂದರಂತೆ.

ಏಪ್ರಿಲಿನಲ್ಲಿ ಹಿಮ ಕರಗಿದ ಮೇಲೆ ಗೆಳೆಯರು ರೈಫಲನ್ನು ರೇಂಜಿಗೇ ತಂದುಕೊಡತೊಡಗಿದರು. ಹೊಡೆದಾದ ಮೇಲೆ ವಾಪಸ್ ಅವರ ಬೀರುವಿಗೆ. ಮನಸ್ಸು ಸುಧಾರಿಸಿದೆ ಅಂತ ವೈದ್ಯರೂ ನಾನೂ ಒಪ್ಪಿದ್ದು ಜೂನಿನಲ್ಲಿ. ಆಗ ಮದ್ದು ಮನೆಗೆ ಬಂತು. ರೈಫಲುಗಳು ಗೆಳೆಯರ ಬಳಿಯೇ ಇರಲಿ ಅಂತ ಅಂಕಲ್ ಹೇಳಿದರು. ನಾನು ಕೇಳಿರಲಿಲ್ಲ.

ಜುಲೈಯಲ್ಲಿ ಎಲ್ಲರೂ ಕೂತು ಒಂದು ಕಾಗದ ಬರೆದೆವು. ಯಾವ ಲಕ್ಷಣ ಕಂಡರೆ ಯಾವುದನ್ನು ಬಿಡುವುದು ಅಂತ. ಇದನ್ನು ಆರೋಗ್ಯ ಚೆನ್ನಾಗಿರುವಾಗಲೇ ಬರೆಯಬೇಕು. ನೆನಪಿನ ಪರೀಕ್ಷೆಯ ಅಂಕ ಇಳಿದರೆ, ಟಾರ್ಚ್ ಬಿಟ್ಟಾಗ ಮತ್ತೆ ಮತ್ತೆ ತಪ್ಪು ಕಂಡರೆ ಮೊದಲು ತೋಟಾ ತುಂಬುವುದು ನಿಲ್ಲುತ್ತದೆ. ಆಮೇಲೆ .223. ಕೊನೆಗೆ .22, ಅಂದರೆ ತೀರಾ ಚಿಕ್ಕ ತೋಟಾದ ರೈಫಲ್. ಅದಕ್ಕೆ ಪೆಟ್ಟೇ ಇಲ್ಲ, ತೋಟಾ ಕೂಡ ಅಂಗಡಿಯದೇ. ಜನವರಿಯ ಯೋಚನೆ ಮತ್ತೆ ಬಂದರೆ ಅದೇ ದಿನ ಎಲ್ಲವೂ ನಿಲ್ಲುತ್ತದೆ, ಗೆಳೆಯರಿಗೆ ಮತ್ತು ನನಗೆ ಫೋನು. ಕೊನೆಯ ಸಾಲನ್ನು ಅಂಕಲ್ ತಮ್ಮ ಕೈಯಿಂದ ಸೇರಿಸಿದರು: ".22 ಕೂಡ ಬೇಡವಾದಾಗ ಬೇರೆಯವರ ಹಿಂದೆ ಕೂತು ಗಾಳಿ ಎತ್ತ ಬೀಸುತ್ತಿದೆ ಅಂತ ನೋಡಿ ಹೇಳುತ್ತೇನೆ." ಮಗಳು ಅದನ್ನು ಓದಿ, "ಆ ಎರಡು ಈಡು ನಾನು ಹೊಡೀತೀನಿ ಅಪ್ಪಾ, ಹೇಗೆ ಅಂತ ಹೇಳಿಕೊಡಿ," ಅಂದಳು. ಅವಳು ಅಲ್ಲಿಯವರೆಗೆ ಕೋವಿ ಮುಟ್ಟಿದವಳಲ್ಲ.

ಮೊನ್ನೆ ಬೆಳಗ್ಗೆ ಮುಂದಿನ ಭೇಟಿಯ ದಿನ ಹೇಳಲು ಅಂಕಲ್ ನಂಬರಿಗೆ ಫೋನ್ ಮಾಡಿದೆ. ಎತ್ತಿದ್ದು ಆಂಟಿ. "ಫೋನ್ ಇಲ್ಲಿಟ್ಟು ಕೆಳಗೆ ಹೋಗಿದ್ದಾರಮ್ಮ. ನಾನು ಕರೆಯೋ ಹಾಗಿಲ್ಲ. ಹನ್ನೊಂದಕ್ಕೆ ಮಾಡು," ಅಂದರು.