ಓದುಗರ ಪ್ರಶ್ನೆ, ತಜ್ಞರ ಉತ್ತರ: ಮ್ಯಾನೇಜ್‌ಮೆಂಟ್ ಅಕೌಂಟಿಂಗ್ ಕಲಿಸುವ ವೃತ್ತಿ

ಪ್ರಶ್ನೆ: ಬಿ.ಕಾಂ. ನಂತರ ಸಿಎಂಎ (ಕಾಸ್ಟ್ ಅಕೌಂಟೆಂಟ್ ಕೋರ್ಸ್) ಮುಗಿಸಿ, ಒಂದು ಕಾರ್ಖಾನೆಯ ಕಾಸ್ಟಿಂಗ್ ವಿಭಾಗದಲ್ಲಿ ಮೂರು ವರ್ಷದಿಂದ ಇದ್ದೇನೆ. ಎಂಬಿಎ ಕಾಲೇಜಿನಲ್ಲಿ ಪಾಠ ಮಾಡುವ ಆಸೆ. ಎಂ.ಕಾಂ. ಮಾಡಲೇಬೇಕೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಬೇಕಿಲ್ಲ. ಸಿಎ, ಸಿಎಸ್, ಸಿಎಂಎ ಮೂರನ್ನೂ ಸ್ನಾತಕೋತ್ತರ ಪದವಿಗೆ ಸಮವೆಂದು ಯುಜಿಸಿ 2021ರಲ್ಲೇ ಒಪ್ಪಿದೆ. ಉಪನ್ಯಾಸಕರ ಅರ್ಹತಾ ಪರೀಕ್ಷೆಯಾದ ನೆಟ್ ಬರೆಯುವಾಗ ವಾಣಿಜ್ಯವನ್ನೇ ಆರಿಸಿಕೊಳ್ಳಿ. ಮ್ಯಾನೇಜ್‌ಮೆಂಟ್ ವಿಷಯದಲ್ಲಿ ಮಾರ್ಕೆಟಿಂಗ್, ಎಚ್‌ಆರ್ ಎಲ್ಲವನ್ನೂ ಹೊಸದಾಗಿ ಓದಬೇಕಾಗುತ್ತದೆ. ನೆಟ್‌ನ ಎರಡೂ ಪತ್ರಿಕೆ (ಎಲ್ಲರಿಗೂ ಒಂದೇ ಆದ ಮೊದಲನೆಯದು, ಆರಿಸಿದ ವಿಷಯದ ಎರಡನೆಯದು) ಸೇರಿ 150 ಪ್ರಶ್ನೆ, 300 ಅಂಕ, ಮೂರು ಗಂಟೆ. ತಪ್ಪಿಗೆ ಅಂಕ ಕಳೆಯುವುದಿಲ್ಲವಾದ್ದರಿಂದ ಒಂದನ್ನೂ ಖಾಲಿ ಬಿಡಬೇಡಿ. ಜೆಆರ್‌ಎಫ್ (ಸಂಶೋಧನಾ ಫೆಲೋಶಿಪ್) ಸಿಕ್ಕರೆ ಪಿಎಚ್.ಡಿ.ಯ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂ., ಆಮೇಲೆ 42,000 ರೂ. ಬರುತ್ತದೆ. ರಾಜ್ಯದ ಅರ್ಹತಾ ಪರೀಕ್ಷೆ ಕೆ-ಸೆಟ್ ಪಾಸಾದರೂ ಆಯಿತು, ಆದರೆ ಅದು ಕರ್ನಾಟಕದೊಳಗೆ ಮಾತ್ರ ನಡೆಯುತ್ತದೆ.

ಎಐಸಿಟಿಇ (ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ) ಮಾನ್ಯತೆಯ ಎಂಬಿಎ ಕಾಲೇಜುಗಳು ಅರ್ಹತೆ ಪಡೆದ ಮೇಲಿನ ಎರಡು ವರ್ಷದ ವೃತ್ತಿ ಅನುಭವವನ್ನೂ ಕೇಳುತ್ತವೆ. ಬಹಳ ಜನ ಎಡವುವುದು ಇಲ್ಲೇ. 'ಅಕೌಂಟ್ಸ್‌ನಲ್ಲಿ ಕೆಲಸ ಮಾಡಿದ್ದಾರೆ' ಎಂಬ ಒಂದು ಸಾಲಿನ ಪತ್ರ ಸಾಲದು. ಸೇರಿದ ದಿನ, ಬಿಟ್ಟ ದಿನ, ಹುದ್ದೆ, ಮಾಡಿದ ಕೆಲಸ ಇಷ್ಟೂ ಇರುವ ಪತ್ರವನ್ನು ಕಂಪನಿಯ ಲೆಟರ್‌ಹೆಡ್‌ನಲ್ಲಿ ಪಡೆಯಿರಿ. ಫಾರ್ಮ್ 16 ಜೋಪಾನವಾಗಿಡಿ. ಕೆಲಸ ಬಿಟ್ಟ ಮೇಲೆ ಇವನ್ನು ಕೇಳಿ ಪಡೆಯುವುದು ಕಷ್ಟ.

ಪ್ರಶ್ನೆ: 'ಸಣ್ಣ ಕೈಗಾರಿಕೆಗಳಲ್ಲಿ ವೆಚ್ಚ ನಿರ್ವಹಣೆ' ಎಂಬುದು ನನ್ನ ಪಿಎಚ್.ಡಿ. ವಿಷಯ. ಮುನ್ನೂರು ಘಟಕಗಳಿಗೆ ಪ್ರಶ್ನಾವಳಿ ಹಂಚಿದರೆ ಸಾಕು ಎನ್ನುತ್ತಾರೆ. ನಿಜವೇ?
– ಸಂಶೋಧನಾ ವಿದ್ಯಾರ್ಥಿನಿ, ತುಮಕೂರು

ಉತ್ತರ: ಪದವಿ ಸಿಗಬಹುದು, ಹೊಸದೇನೂ ತಿಳಿಯುವುದಿಲ್ಲ. 'ನೀವು ಬಜೆಟ್ ಬಳಸುತ್ತೀರಾ? 1ರಿಂದ 5ರೊಳಗೆ ಗುರುತು ಹಾಕಿ' ಎಂದರೆ ಹೆಚ್ಚಿನವರು 4 ಒತ್ತಿ ಕಳಿಸುತ್ತಾರೆ. ಉತ್ತರಿಸಿದ್ದು ಮಾಲೀಕರೋ ಪಾರ್ಟ್ ಟೈಮ್ ಅಕೌಂಟೆಂಟೋ ಎಂಬುದೂ ಗೊತ್ತಾಗುವುದಿಲ್ಲ.

ಮ್ಯಾನೇಜ್‌ಮೆಂಟ್ ಅಕೌಂಟಿಂಗ್ ಎಂದರೆ ಸಂಸ್ಥೆಯ ಒಳಗಿನ ನಿರ್ಧಾರಗಳಿಗೆ ಬೇಕಾದ ವೆಚ್ಚದ ಲೆಕ್ಕ. ಈ ನಮ್ಮ ವಿಷಯದ ನಿಜವಾದ ಕಷ್ಟ ಇದು: ಫೈನಾನ್ಸ್ ಓದುವವರಿಗೆ ಷೇರು ಬೆಲೆ, ವಾರ್ಷಿಕ ವರದಿ ಕುಳಿತಲ್ಲೇ ಸಿಗುತ್ತವೆ, ವೆಚ್ಚದ ಲೆಕ್ಕ ಮಾತ್ರ ಕಾರ್ಖಾನೆಯ ಗೇಟು ದಾಟಿ ಹೊರಗೆ ಬರುವುದಿಲ್ಲ. ಕಂಪನಿಗಳು ಸರ್ಕಾರಕ್ಕೆ ಸಲ್ಲಿಸುವ ಕಾಸ್ಟ್ ಆಡಿಟ್ ವರದಿಯೂ ಸಾರ್ವಜನಿಕರಿಗೆ ತೆರೆದಿಲ್ಲ. ಸಣ್ಣ ಘಟಕಗಳಿಗಂತೂ 2014ರ ನಿಯಮಗಳ ಪ್ರಕಾರ ಕಾಸ್ಟ್ ರೆಕಾರ್ಡ್ ಇಡುವ ಕಡ್ಡಾಯವೇ ಇಲ್ಲ. ಅವರ ಟ್ಯಾಲಿ ಸಾಫ್ಟ್‌ವೇರ್‌ನಲ್ಲಿ ಜಿಎಸ್‌ಟಿಗೆ ಬೇಕಾದಷ್ಟು ಇರುತ್ತದೆ, ಯಾವ ಜಾಬ್‌ಗೆ (ಆರ್ಡರ್‌ನ ಕೆಲಸಕ್ಕೆ) ಎಷ್ಟು ಖರ್ಚಾಯಿತು ಎಂಬುದು ಇರುವುದಿಲ್ಲ.

ಆದ್ದರಿಂದ ಮುನ್ನೂರರ ಬದಲು ಮೂರು ಘಟಕ ಹಿಡಿಯಿರಿ. ಪೀಣ್ಯದಲ್ಲೋ ನಿಮ್ಮೂರಿನ ಅಂತರಸನಹಳ್ಳಿಯಲ್ಲೋ ಒಂದೇ ಬಗೆಯ ಕೆಲಸದ ಮಷಿನ್ ಶಾಪ್‌ಗಳಾದರೆ ಹೋಲಿಕೆ ಸುಲಭ. ಒಂದು ವರ್ಷದ ಜಾಬ್ ಕಾರ್ಡ್, ಕೊಟೇಶನ್ ಪ್ರತಿ, ಕರೆಂಟ್ ಬಿಲ್, ರಿಜೆಕ್ಷನ್ ರಿಜಿಸ್ಟರ್ ಕೇಳಿ. ಕೊಟೇಶನ್‌ನಲ್ಲಿ ಬರೆದ ದರಕ್ಕೂ ನಿಜವಾಗಿ ತಗುಲಿದ ವೆಚ್ಚಕ್ಕೂ ಎಷ್ಟು ಅಂತರ, ಅದು ಯಾವ ಜಾಬ್‌ಗಳಲ್ಲಿ ಹೆಚ್ಚು ಎಂದು ನೋಡಿದರೆ ಅದೇ ಒಂದು ಒಳ್ಳೆಯ ಅಧ್ಯಾಯ. ಗಿರಾಕಿಗಳ ಹೆಸರು, ದರ ಬಯಲಾಗುವುದಿಲ್ಲ ಎಂದು ಲಿಖಿತ ಒಪ್ಪಂದ ಮಾಡಿಕೊಳ್ಳಿ. ಏನನ್ನು ಪ್ರಕಟಿಸಬಹುದು ಎಂಬುದನ್ನೂ ಅದರಲ್ಲೇ ಬರೆಸಿ. ಸಿನಾಪ್ಸಿಸ್ (ಸಂಶೋಧನೆಯ ರೂಪುರೇಷೆ) ಕೊಟ್ಟ ಮೇಲಲ್ಲ, ಅದಕ್ಕೂ ಮೊದಲೇ ಈ ಒಪ್ಪಿಗೆ ಕೈಯಲ್ಲಿರಬೇಕು. ಮಧ್ಯದಲ್ಲಿ ಮಾಲೀಕರು ಬೇಡ ಎಂದರೆ ಪಿಎಚ್.ಡಿ.ಯ ಆರು ವರ್ಷದ ಗಡುವು ಬೇಗ ಕರಗುತ್ತದೆ.

ಪ್ರಶ್ನೆ: ಒಪ್ಪಿತ ಜರ್ನಲ್‌ಗಳ ಯುಜಿಸಿ-ಕೇರ್ ಪಟ್ಟಿ ಈಗಿಲ್ಲ. ಯಾವ ಜರ್ನಲ್ ನಂಬುವುದು?
– ಸಹಾಯಕ ಪ್ರಾಧ್ಯಾಪಕರು, ಕಲಬುರಗಿ

ಉತ್ತರ: 2025ರಲ್ಲಿ ಅದನ್ನು ಕೈಬಿಟ್ಟ ಮೇಲೆ ಹೊಣೆ ನಮ್ಮ ಮೇಲೇ ಬಿದ್ದಿದೆ. ಬಿಸಿನೆಸ್ ಸ್ಕೂಲುಗಳು ಹೆಚ್ಚಾಗಿ ಜರ್ನಲ್‌ಗಳಿಗೆ ದರ್ಜೆ ಕೊಡುವ ಆಸ್ಟ್ರೇಲಿಯಾದ ಎಬಿಡಿಸಿ ಪಟ್ಟಿ ನೋಡುತ್ತವೆ. 'ಮ್ಯಾನೇಜ್‌ಮೆಂಟ್ ಅಕೌಂಟಿಂಗ್ ರಿಸರ್ಚ್', 'ಅಕೌಂಟಿಂಗ್, ಆರ್ಗನೈಸೇಶನ್ಸ್ ಅಂಡ್ ಸೊಸೈಟಿ' ಎರಡೂ ಕ್ಷೇತ್ರಾಧ್ಯಯನಕ್ಕೆ ಜಾಗ ಕೊಡುವ ಉನ್ನತ ದರ್ಜೆಯವು. ಶುಲ್ಕ ಕೇಳಿದ ಮಾತ್ರಕ್ಕೆ ಜರ್ನಲ್ ಖೊಟ್ಟಿಯಲ್ಲ. ವಿಮರ್ಶಕರ ಟಿಪ್ಪಣಿಯೇ ಇಲ್ಲದೆ ಒಂದು ವಾರದಲ್ಲಿ 'ಅಕ್ಸೆಪ್ಟ್' ಬಂದರೆ ಮಾತ್ರ ಅಲ್ಲಿಂದ ಹೊರಡಿ.

ಪ್ರಶ್ನೆ: ವಿದ್ಯಾರ್ಥಿಗಳು ಎಬಿಸಿ (ಚಟುವಟಿಕೆ ಆಧಾರಿತ ವೆಚ್ಚ ಹಂಚಿಕೆ) ಲೆಕ್ಕ ಸರಿಯಾಗಿ ಮಾಡುತ್ತಾರೆ, ಅರ್ಥ ಕೇಳಿದರೆ ಸುಮ್ಮನಾಗುತ್ತಾರೆ. ಹೇಗೆ ಕಲಿಸಲಿ?
– ಅತಿಥಿ ಉಪನ್ಯಾಸಕಿ, ಶಿವಮೊಗ್ಗ

ಉತ್ತರ: ಮೊದಲು ತಪ್ಪು ಉತ್ತರ ಬರಲಿ. ಬೋರ್ಡಿನ ಮೇಲೆ ಇಷ್ಟು ಬರೆಯಿರಿ: ಓವರ್‌ಹೆಡ್ (ನೇರವಾಗಿ ಒಂದು ಮಾಲಿಗೆ ಸೇರಿಸಲಾಗದ ಖರ್ಚು) 10 ಲಕ್ಷ ರೂ. ಸಾಮಾನ್ಯ ಮಾಲು 8,000 ನಗ, ಸ್ಪೆಷಲ್ ಮಾಲು 2,000 ನಗ. ಒಂದೊಂದಕ್ಕೂ ಒಂದು ಮಷಿನ್ ಗಂಟೆ. ಗಂಟೆಯ ಲೆಕ್ಕದಲ್ಲಿ ಹಂಚಿದರೆ ಎರಡಕ್ಕೂ 100 ರೂ. ಇಲ್ಲಿ ನಿಲ್ಲಿಸಿ, ಸ್ಪೆಷಲ್ ಮಾಲಿಗೆ ಅವರಿಂದಲೇ ದರ ಹೇಳಿಸಿ.

ಆಮೇಲೆ ಹೇಳಿ: ಆ 10 ಲಕ್ಷದಲ್ಲಿ 6 ಲಕ್ಷ ಮಷಿನ್ ಸೆಟ್ಟಿಂಗ್ ಖರ್ಚು, ಒಟ್ಟು 30 ಸೆಟ್ಟಿಂಗ್, ಸಾಮಾನ್ಯಕ್ಕೆ 10, ಸ್ಪೆಷಲ್‌ಗೆ 20. ಈಗ ಸೆಟ್ಟಿಂಗ್ ಖರ್ಚು 2 ಲಕ್ಷ ಮತ್ತು 4 ಲಕ್ಷವಾಗಿ ಒಡೆಯುತ್ತದೆ. ಉಳಿದ 4 ಲಕ್ಷ ಗಂಟೆಯ ಪ್ರಕಾರ 3.2 ಮತ್ತು 0.8 ಲಕ್ಷ. ಸಾಮಾನ್ಯ ಮಾಲಿಗೆ 65 ರೂ., ಸ್ಪೆಷಲ್‌ಗೆ 240 ರೂ. ತಾವು ಹೇಳಿದ ದರದಲ್ಲಿ ಮಾಲೊಂದಕ್ಕೆ 140 ರೂ. ಲೆಕ್ಕಕ್ಕೇ ಬಂದಿರಲಿಲ್ಲ ಎಂಬುದು ಅವರ ಕಣ್ಣಿಗೇ ಬೀಳುತ್ತದೆ.

ಪಾಠ ಇಲ್ಲಿಗೆ ಮುಗಿಸಿದರೆ ಇನ್ನೊಂದು ತಪ್ಪು ಹುಟ್ಟುತ್ತದೆ. 'ಸ್ಪೆಷಲ್ ನಿಲ್ಲಿಸಿದರೆ 4.8 ಲಕ್ಷ ಉಳಿಯುತ್ತದೆ' ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಸೆಟ್ಟಿಂಗ್ ಮಾಡುವವರ ಸಂಬಳ, ಮಷಿನ್ ಸವಕಳಿ, ಶೆಡ್ಡಿನ ಬಾಡಿಗೆ ಆರ್ಡರ್ ನಿಂತ ಮರುದಿನ ನಿಲ್ಲುತ್ತವೆಯೇ ಎಂದು ಕೇಳಿ. ಒಂದೊಂದನ್ನೂ 'ಉಳಿಯುತ್ತದೆ', 'ಉಳಿಯುವುದಿಲ್ಲ' ಎಂದು ವಿಂಗಡಿಸಲು ಇಡೀ ಇಪ್ಪತ್ತು ನಿಮಿಷ ಕೊಡಿ. ಈ ಭಾಗವನ್ನು ಅವಸರ ಮಾಡಬೇಡಿ. ಇಂಟರ್ನಲ್ ಪರೀಕ್ಷೆಯಲ್ಲೂ ಹತ್ತರಲ್ಲಿ ಆರು ಅಂಕ ಲೆಕ್ಕಕ್ಕೆ ಇಟ್ಟು, ನಾಲ್ಕನ್ನು ಫ್ಯಾಕ್ಟರಿ ಮ್ಯಾನೇಜರಿಗೆ ಬರೆಯುವ ಐದು ಸಾಲಿನ ಟಿಪ್ಪಣಿಗೆ ಕೊಡಿ.