ಸಂಪಾದಕರ ಉತ್ತರ: ಸೂಪರ್ ಬೌಲ್‌ನ ನೂರು ಕೋಟಿ ನೋಡುಗರು ಎಲ್ಲಿದ್ದಾರೆ?

ರಾಣೆಬೆನ್ನೂರಿನ ಓದುಗರೊಬ್ಬರ ಪತ್ರದ ಸಾರ: “ಜಗತ್ತು ಅತಿ ಹೆಚ್ಚು ನೋಡುವ ಆಟ ಫುಟ್‌ಬಾಲ್ ಎಂದು ಕಳೆದ ಸಂಚಿಕೆಯಲ್ಲಿ ಬರೆದಿರಿ. ಡಲ್ಲಾಸ್‌ನಲ್ಲಿರುವ ನಮ್ಮ ಅಳಿಯಂದಿರು ಒಪ್ಪುವುದಿಲ್ಲ. ಅಮೆರಿಕನ್ ಫುಟ್‌ಬಾಲ್‌ನ ವರ್ಷದ ಫೈನಲ್ ಆದ ಸೂಪರ್ ಬೌಲನ್ನು ನೂರು ಕೋಟಿ ಜನ ನೋಡುತ್ತಾರಂತೆ. ಖರೆ ಯಾವುದು? ಅಷ್ಟು ದೊಡ್ಡ ಆಟವಾದರೆ ನಮ್ಮ ಟಿವಿಯಲ್ಲಿ ಯಾಕೆ ಕಾಣುವುದಿಲ್ಲ? ಒಮ್ಮೆ ಮೊಬೈಲಿನಲ್ಲಿ ನೋಡಲು ಕೂತರೆ ಆಡಿದ್ದಕ್ಕಿಂತ ನಿಂತದ್ದೇ ಹೆಚ್ಚು. ನಮ್ಮ ಹೈಸ್ಕೂಲ್ ಹುಡುಗರಿಗೆ ಇದನ್ನು ಕಲಿಸಬಹುದೇ? ನಿಮ್ಮ ಪತ್ರಿಕೆ ಇದರ ಫಲಿತಾಂಶ ಹಾಕುತ್ತದೆಯೇ?”

ಮಾನ್ಯರೇ,

ನೂರು ಕೋಟಿಯ ಮಾತು ಹಳೆಯದು. ಪ್ರಸಾರ ಯಾವ ಯಾವ ದೇಶಕ್ಕೆ ತಲುಪುತ್ತದೋ ಅಲ್ಲಿ ಅದನ್ನು ನೋಡಲು ಸಾಧ್ಯವಿದ್ದ ಜನರನ್ನೆಲ್ಲ ಕೂಡಿಸಿದಾಗ ಬಂದ ಸಂಖ್ಯೆ ಅದು. ಟಿವಿ ಹಚ್ಚಿ ಕೂತವರ ಲೆಕ್ಕವಲ್ಲ. ಕೂತವರ ಲೆಕ್ಕ ಬೇಕೆಂದರೆ 2025ರ ಫೆಬ್ರುವರಿ 9ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ಫಿಲಡೆಲ್ಫಿಯಾ ಈಗಲ್ಸ್ ತಂಡ ಕಾನ್ಸಾಸ್ ಸಿಟಿ ಚೀಫ್ಸ್ ತಂಡವನ್ನು 40–22ರಿಂದ ಸೋಲಿಸಿದ ಪಂದ್ಯ ನೋಡಿ. ಟಿವಿ ನೋಡುಗರನ್ನು ಎಣಿಸುವ ನೀಲ್ಸನ್ ಸಂಸ್ಥೆ ಕೊಟ್ಟ ಅಂಕಿಯಂತೆ ಅಮೆರಿಕದಲ್ಲಿ ಸರಾಸರಿ 12.77 ಕೋಟಿ ಜನ ನೋಡಿದರು. ಹೋಟೆಲು, ಬಾರುಗಳಲ್ಲಿ ಕೂತು ನೋಡುವವರ ಎಣಿಕೆಯನ್ನು ನೀಲ್ಸನ್ ಆ ವರ್ಷವೇ ಹಿಗ್ಗಿಸಿತ್ತು, ಹೀಗಾಗಿ ಹಿಂದಿನ ವರ್ಷದ ಜೊತೆ ಹೋಲಿಸುವಾಗ ತುಸು ಎಚ್ಚರ ಬೇಕು. ಹಾಗಿದ್ದರೂ ಇದು ಸಣ್ಣ ಸಂಖ್ಯೆಯಲ್ಲ. ಆ ದೇಶದ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಒಂದೇ ಹೊತ್ತಿಗೆ ಒಂದೇ ಆಟ ನೋಡುತ್ತಿದ್ದರು.

ಇನ್ನು ಜಾಗತಿಕ ಫುಟ್‌ಬಾಲ್ ಸಂಸ್ಥೆ ಫಿಫಾದ ಅಂಕಿ. 2022ರ ಡಿಸೆಂಬರ್ 18ರಂದು ಕತಾರ್‌ನ ಲುಸೈಲ್‌ನಲ್ಲಿ ನಡೆದ ಅರ್ಜೆಂಟೀನಾ–ಫ್ರಾನ್ಸ್ ವಿಶ್ವಕಪ್ ಫೈನಲ್ 150 ಕೋಟಿಗೆ ಹತ್ತಿರದಷ್ಟು ಜನರನ್ನು ತಲುಪಿತೆಂದು ಫಿಫಾ ಹೇಳುತ್ತದೆ. ಇದನ್ನು 12.77 ಕೋಟಿಯ ಪಕ್ಕ ಇಟ್ಟು ‘ಹನ್ನೆರಡು ಪಟ್ಟು’ ಎಂದು ಬರೆಯುವವರಿದ್ದಾರೆ. ಅದೂ ತಪ್ಪೇ. ಸಿದ್ಧಾರೂಢರ ಜಾತ್ರೆಯಲ್ಲಿ ತೇರು ಎಳೆಯುವ ಹೊತ್ತಿಗೆ ಎಷ್ಟು ಜನ ನಿಂತಿದ್ದರು ಎಂಬುದು ಒಂದು ಲೆಕ್ಕ, ಬೆಳಗಿನಿಂದ ರಾತ್ರಿಯವರೆಗೆ ಮಠದ ಬಾಗಿಲು ದಾಟಿದವರೆಷ್ಟು ಎಂಬುದು ಬೇರೆ ಲೆಕ್ಕ. ನೀಲ್ಸನ್‌ನದು ಮೊದಲನೆಯದು, ಫಿಫಾದ ದೊಡ್ಡ ಅಂಕಿ ಎರಡನೆಯದು. 2010ರ ಸ್ಪೇನ್–ನೆದರ್ಲೆಂಡ್ಸ್ ಫೈನಲ್‌ಗೆ ಫಿಫಾವೇ ಮೂರೂ ಬಗೆಯ ಅಂಕಿ ಕೊಟ್ಟಿತ್ತು. ಮನೆಯಲ್ಲಿ ಕನಿಷ್ಠ ಒಂದು ನಿಮಿಷ ನೋಡಿದವರು ಸುಮಾರು 91 ಕೋಟಿ, ಸತತ ಇಪ್ಪತ್ತು ನಿಮಿಷ ನೋಡಿದವರು ಸುಮಾರು 62 ಕೋಟಿ, ಇಡೀ ಪಂದ್ಯದ ಸರಾಸರಿ ಸುಮಾರು 53 ಕೋಟಿ. ಪಂದ್ಯ ಒಂದೇ, ಅಳತೆಗೋಲು ಮೂರು. 2018ರ ಫೈನಲ್‌ನಲ್ಲಿಯೂ ತಲುಪಿದ್ದು 112 ಕೋಟಿ, ಸರಾಸರಿ 51.7 ಕೋಟಿ.

ಆದ್ದರಿಂದ ಸರಾಸರಿಗೆ ಸರಾಸರಿಯನ್ನೇ ಹೋಲಿಸಿದರೆ ವಿಶ್ವಕಪ್ ಫೈನಲ್ ಸೂಪರ್ ಬೌಲ್‌ನ ನಾಲ್ಕು ಪಟ್ಟಿನ ಆಸುಪಾಸಿನಲ್ಲಿ ನಿಲ್ಲುತ್ತದೆ. ಸೂಪರ್ ಬೌಲ್‌ಗೆ ಅಮೆರಿಕದ ಹೊರಗಿನ ನೋಡುಗರನ್ನು ಕೂಡಿಸಿದರೆ ಅಂತರ ಕುಗ್ಗುತ್ತದೆ, ಅಳಿಯುವುದಿಲ್ಲ. ನಿಮ್ಮ ಅಳಿಯಂದಿರ ಕಣ್ಣಿಗೆ ಹಾಗೆ ಕಾಣುವುದರಲ್ಲಿಯೂ ತಪ್ಪಿಲ್ಲ. ಅವರಿರುವ ದೇಶದಲ್ಲಿ 2023ರಲ್ಲಿ ಅತಿ ಹೆಚ್ಚು ನೋಡಲ್ಪಟ್ಟ ನೂರು ಟಿವಿ ಪ್ರಸಾರಗಳಲ್ಲಿ 93 ಎನ್‌ಎಫ್‌ಎಲ್ (ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್) ಪಂದ್ಯಗಳೇ ಆಗಿದ್ದವು. ಮೆಸ್ಸಿ ಕಪ್ ಎತ್ತಿದ 2022ರ ಆ ಫೈನಲ್‌ಗೆ ಅಲ್ಲಿ ಇಂಗ್ಲಿಷ್, ಸ್ಪ್ಯಾನಿಷ್ ಎರಡೂ ವಾಹಿನಿ ಸೇರಿ ಸಿಕ್ಕ ನೋಡುಗರು ಸುಮಾರು 2.6 ಕೋಟಿ.

ಜನರ ಲೆಕ್ಕದಲ್ಲಿ ಸೋತ ಆಟ ರೊಕ್ಕದ ಲೆಕ್ಕದಲ್ಲಿ ಗೆಲ್ಲುತ್ತದೆ. ಅದರ ಕಾರಣ ನಿಮ್ಮ ದೂರಿನಲ್ಲಿಯೇ ಇದೆ: ನಿಂತದ್ದೇ ಹೆಚ್ಚು.

ಅಮೆರಿಕನ್ ಫುಟ್‌ಬಾಲ್‌ನ ಗಡಿಯಾರ 60 ನಿಮಿಷದ್ದು, ಹದಿನೈದರ ನಾಲ್ಕು ಕ್ವಾರ್ಟರ್. ಪ್ರಸಾರ ಮೂರು ತಾಸು ದಾಟುತ್ತದೆ. ಇದರಲ್ಲಿ ಚೆಂಡು ನಿಜವಾಗಿ ಆಟದಲ್ಲಿರುವುದು ಸುಮಾರು 11 ನಿಮಿಷ ಎಂದು 2010ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ ಗಡಿಯಾರ ಹಿಡಿದು ಎಣಿಸಿ ತೋರಿಸಿತು. ಒಂದು ಎಸೆತ ಅಥವಾ ಒಂದು ಓಟ ಐದಾರು ಸೆಕೆಂಡಿನಲ್ಲಿ ಮುಗಿಯುತ್ತದೆ. ಮುಂದಿನದನ್ನು ಶುರು ಮಾಡಲು ತಂಡಕ್ಕೆ 40 ಸೆಕೆಂಡ್ ಇರುತ್ತದೆ. ಆ ಹೊತ್ತಿನಲ್ಲಿ ತರಬೇತುದಾರ ದಾಳಿ ನಡೆಸುವ ಆಟಗಾರನಾದ ಕ್ವಾರ್ಟರ್‌ಬ್ಯಾಕ್‌ನ ಹೆಲ್ಮೆಟ್ಟಿನೊಳಗಿನ ರೇಡಿಯೋ ಮೂಲಕ ಮುಂದಿನ ತಂತ್ರ ಹೇಳುತ್ತಾನೆ, ವಾಹಿನಿ ಮರುಪ್ರದರ್ಶನ ತೋರಿಸುತ್ತದೆ. ಇದರ ಮೇಲೆ ಜಾಹೀರಾತಿನ ವಿರಾಮ ಬೇರೆ. 2017ರಲ್ಲಿ ಲೀಗ್ ಕ್ವಾರ್ಟರ್‌ಗೆ ಐದು ಇದ್ದ ವಿರಾಮಗಳನ್ನು ನಾಲ್ಕಕ್ಕೆ ಇಳಿಸಿತು, ಆದರೆ ಒಂದೊಂದನ್ನೂ 1 ನಿಮಿಷ 50 ಸೆಕೆಂಡಿನಿಂದ 2 ನಿಮಿಷ 20 ಸೆಕೆಂಡಿಗೆ ಉದ್ದ ಮಾಡಿತು. ಕೂಡಿಸಿ ನೋಡಿ, ಜಾಹೀರಾತಿನ ಹೊತ್ತು ಹೆಚ್ಚುಕಡಿಮೆ ಅಷ್ಟೇ ಉಳಿಯಿತು. 2024ರ ಸೂಪರ್ ಬೌಲ್‌ನಲ್ಲಿ ಅರ್ಧ ನಿಮಿಷದ ಜಾಹೀರಾತಿಗೆ ಸುಮಾರು 70 ಲಕ್ಷ ಡಾಲರ್ ದರ ಇತ್ತು.

ನಮ್ಮ ಫುಟ್‌ಬಾಲ್‌ಗೆ ಈ ಸೌಲಭ್ಯವಿಲ್ಲ. 45 ನಿಮಿಷದ ಅರ್ಧದಲ್ಲಿ ಚೆಂಡು ಹೊರಗೆ ಹೋದರೂ ಗಡಿಯಾರ ನಿಲ್ಲದು, ಯಾವ ಕ್ಷಣ ಗೋಲು ಬೀಳುವುದೋ ಗೊತ್ತಿಲ್ಲ, ನಡುವೆ ಸಾಬೂನಿನ ಜಾಹೀರಾತಿಗೆ ಹೋದರೆ ನೋಡುಗರು ಬಯ್ಯುತ್ತಾರೆ. ಹೀಗಾಗಿ ಪಂದ್ಯಕ್ಕೆ ಮೊದಲು, ಮಧ್ಯಂತರದ 15 ನಿಮಿಷ, ಮುಗಿದ ಮೇಲೆ, ಮೈದಾನದ ಅಂಚಿನ ಫಲಕ, ಆಟಗಾರರ ಅಂಗಿ, ಇಷ್ಟರಲ್ಲೇ ವ್ಯಾಪಾರ ನಡೆಯಬೇಕು. 2026ರ ವಿಶ್ವಕಪ್‌ಗೆ ಪ್ರತಿ ಅರ್ಧದಲ್ಲಿಯೂ ಮೂರು ನಿಮಿಷದ ನೀರಿನ ವಿರಾಮವನ್ನು ಫಿಫಾ ಘೋಷಿಸಿತು. ಆಟಗಾರರ ಆರೋಗ್ಯಕ್ಕಾಗಿ ಅನ್ನುತ್ತಾರೆ. ಬಿಸಿಲಿರಲಿ ಇಲ್ಲದಿರಲಿ, ಮೇಲೆ ಛಾವಣಿ ಇದ್ದರೂ ವಿರಾಮ ಕಡ್ಡಾಯ. ನೀರಡಿಕೆ ಯಾರದು ಎಂದು ನೀವೇ ಊಹಿಸಿ.

ಈ ನಿಲ್ಲದ ಗುಣವೇ ಆಟವನ್ನು ಜಗತ್ತಿಗೆ ಹಂಚುವುದನ್ನು ಸುಲಭ ಮಾಡಿತು. ಫುಟ್‌ಬಾಲ್ ಪಂದ್ಯ ಎರಡು ತಾಸಿನ ಗಟ್ಟಿ ಪ್ಯಾಕೆಟ್. ಮೈದಾನದಿಂದ ಎಲ್ಲ ದೇಶಗಳಿಗೂ ಒಂದೇ ಚಿತ್ರ ಹೊರಡುತ್ತದೆ, ನೈರೋಬಿ, ಢಾಕಾ, ಮುಂಬೈ ವಾಹಿನಿಗಳು ಅದರ ಮೇಲೆ ತಮ್ಮ ಭಾಷೆಯ ಕಾಮೆಂಟರಿ ಹಚ್ಚುತ್ತವೆ, ಅಷ್ಟೇ. ಎನ್‌ಎಫ್‌ಎಲ್ ಪಂದ್ಯ ಕೊಂಡ ಹೊರದೇಶದ ವಾಹಿನಿಗೆ ಹದಿನಾರು ಕಡೆ ರಂಧ್ರವಿರುವ ಮೂರು ತಾಸು ಸಿಗುತ್ತದೆ. ಆ ರಂಧ್ರ ತುಂಬಲು ಸ್ಥಳೀಯ ಜಾಹೀರಾತು ಬೇಕು, ಇಲ್ಲವೇ ಸ್ಟುಡಿಯೋದಲ್ಲಿ ಕೂತು ನಿಯಮ ವಿವರಿಸುವ ಇಬ್ಬರು ಬೇಕು. ನೋಡುಗರೇ ಕಡಿಮೆ ಇರುವಲ್ಲಿ ಜಾಹೀರಾತು ಬರದು, ಜಾಹೀರಾತು ಬರದಿದ್ದರೆ ಸ್ಟುಡಿಯೋ ಖರ್ಚು ಹುಟ್ಟದು. ನಮ್ಮ ಟಿವಿಯಲ್ಲಿ ಅದು ಅಪರೂಪವಾಗಿರುವುದಕ್ಕೆ ದೊಡ್ಡ ಕಾರಣ ಇದು. ಓವರಿಗೊಮ್ಮೆ ತಾನಾಗಿಯೇ ನಿಲ್ಲುವ ಕ್ರಿಕೆಟ್ ಆ ಜಾಗವನ್ನು ಆಗಲೇ ಹಿಡಿದು ಕೂತಿದೆ. ಐಪಿಎಲ್‌ನ 2023–27ರ ಪ್ರಸಾರ ಹಕ್ಕು 48,390 ಕೋಟಿ ರೂಪಾಯಿಗೆ ಹೋಯಿತು, 410 ಪಂದ್ಯಕ್ಕೆ ಭಾಗಿಸಿದರೆ ಪಂದ್ಯಕ್ಕೆ 118 ಕೋಟಿ. ಪಂದ್ಯವೊಂದರ ಬೆಲೆಯಲ್ಲಿ ಐಪಿಎಲ್‌ಗಿಂತ ಮೇಲಿರುವುದು ಎನ್‌ಎಫ್‌ಎಲ್ ಮಾತ್ರ ಎಂದು ಆಗ ಪತ್ರಿಕೆಗಳೆಲ್ಲ ಬರೆದವು. ಎನ್‌ಎಫ್‌ಎಲ್ 2021ರಲ್ಲಿ ಮಾಡಿಕೊಂಡ ಹನ್ನೊಂದು ವರ್ಷದ ಒಪ್ಪಂದಗಳ ಮೊತ್ತ ಸುಮಾರು 11,000 ಕೋಟಿ ಡಾಲರ್.

ಈ ರೊಕ್ಕ ಹಂಚುವ ರೀತಿ ನಿಮ್ಮ ಊರಿನವರು ಕೇಳಬೇಕಾದದ್ದು. ತಂಡಗಳು ಬೇರೆಬೇರೆಯಾಗಿ ಹಕ್ಕು ಮಾರುವ ಬದಲು ಲೀಗ್ ಒಟ್ಟಾಗಿ ಮಾರಬಹುದು ಎಂದು ಅಮೆರಿಕ 1961ರಲ್ಲಿ ಕಾನೂನು ಮಾಡಿತು. ರಾಷ್ಟ್ರೀಯ ಟಿವಿ ಹಣ ಈಗ 32 ತಂಡಗಳಿಗೂ ಸಮಪಾಲು. ಅದಕ್ಕೇ ನ್ಯೂಯಾರ್ಕ್, ಷಿಕಾಗೊಗಳ ಎದುರು ಗ್ರೀನ್ ಬೇ ಎಂಬ ಊರಿನ ತಂಡ ಉಳಿದಿದೆ. ಗ್ರೀನ್ ಬೇ ಜನಸಂಖ್ಯೆ ಸುಮಾರು 1.07 ಲಕ್ಷ, ಅಂದರೆ 2011ರ ಜನಗಣತಿಯ ರಾಣೆಬೆನ್ನೂರಿನಷ್ಟು. ಅಲ್ಲಿನ ಲ್ಯಾಂಬೊ ಕ್ರೀಡಾಂಗಣದಲ್ಲಿ 81 ಸಾವಿರ ಜನ ಕೂರುತ್ತಾರೆ.

ಇಂಗ್ಲೆಂಡಿನ ವಿಚಿತ್ರವನ್ನೂ ಹೇಳಿಬಿಡುತ್ತೇನೆ. ಶನಿವಾರ ಮಧ್ಯಾಹ್ನ 2.45ರಿಂದ 5.15ರವರೆಗೆ ಬ್ರಿಟನ್‌ನಲ್ಲಿ ಫುಟ್‌ಬಾಲ್ ನೇರ ಪ್ರಸಾರ ನಿಷಿದ್ಧ. ಸಣ್ಣ ಕ್ಲಬ್‌ಗಳ ಮೈದಾನ ಖಾಲಿಯಾಗಬಾರದೆಂದು 1960ರ ದಶಕದಿಂದ ಬಂದ ಪದ್ಧತಿ. ಹೀಗಾಗಿ ಅಲ್ಲಿ ಮೂರು ಗಂಟೆಗೆ ಶುರುವಾಗುವ ಪ್ರೀಮಿಯರ್ ಲೀಗ್ ಪಂದ್ಯವನ್ನು ರಾಣೆಬೆನ್ನೂರಿನಲ್ಲಿ ನೀವು ನೇರ ನೋಡಬಹುದು, ಮ್ಯಾಂಚೆಸ್ಟರಿನವ ತನ್ನ ಮನೆಯ ಟಿವಿಯಲ್ಲಿ ನೋಡಲಾರ.

ಅಮೆರಿಕನ್ ಆಟ ನೋಡಲು ಇನ್ನೊಮ್ಮೆ ಕೂರುವುದಾದರೆ ಹೀಗೆ ಮಾಡಿ. ದಾಳಿಯ ತಂಡಕ್ಕೆ ನಾಲ್ಕು ಅವಕಾಶ, ಅವುಗಳಲ್ಲಿ 10 ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು, ಇಲ್ಲವಾದರೆ ಚೆಂಡು ಎದುರಾಳಿಗೆ. ಪರದೆಯಲ್ಲಿ ‘3 ಮತ್ತು 7’ ಎಂದು ಕಂಡರೆ ಮೂರನೇ ಅವಕಾಶ, ಇನ್ನೂ ಏಳು ಗಜ ಬಾಕಿ. ಆ ಹತ್ತು ಗಜದ ಗುರಿಯೇ ಮೈದಾನದ ಮೇಲೆ ಕಾಣುವ ಹಳದಿ ಗೆರೆ. ಅದು ಹುಲ್ಲಿನ ಮೇಲೆ ಇಲ್ಲ, ಟಿವಿಯಲ್ಲಿ ಮಾತ್ರ ಇದೆ, 1998ರ ಸೆಪ್ಟೆಂಬರಿನಲ್ಲಿ ಶುರುವಾಯಿತು. ಕ್ಯಾಮೆರಾ ಎಷ್ಟು ತಿರುಗಿತು, ಎಷ್ಟು ಬಾಗಿತು, ಎಷ್ಟು ಜೂಮ್ ಆಯಿತು ಎಂಬುದನ್ನು ಸಂವೇದಕಗಳು ಕಂಪ್ಯೂಟರಿಗೆ ಹೇಳುತ್ತವೆ. ಮೈದಾನದ ಉಬ್ಬುತಗ್ಗಿನ ನಕ್ಷೆ ಮೊದಲೇ ಅದರಲ್ಲಿರುತ್ತದೆ. ಹುಲ್ಲಿನ ಹಸಿರು ಇದ್ದಲ್ಲಿ ಮಾತ್ರ ಗೆರೆ ಎಳೆ, ಅಂಗಿಯ ಬಣ್ಣ ಬಂದಲ್ಲಿ ಬಿಡು ಎಂದು ಬಣ್ಣಗಳ ಪಟ್ಟಿ ಕೊಟ್ಟಿರುತ್ತಾರೆ. ಅದಕ್ಕೇ ಗೆರೆ ಆಟಗಾರನ ಕಾಲಡಿ ಹಾದುಹೋದಂತೆ ಕಾಣುತ್ತದೆ. ಹಿಮ ಬಿದ್ದಾಗ, ಕೆಸರಾದಾಗ, ಹಸಿರು ಅಂಗಿಯ ತಂಡ ಆಡುವಾಗ ಈ ಲೆಕ್ಕ ತಪ್ಪುತ್ತದೆ, ನಿರ್ವಾಹಕ ಪಟ್ಟಿಯನ್ನು ಮತ್ತೆ ಮತ್ತೆ ತಿದ್ದಬೇಕು.

ಅಂಕ ಸುಲಭ: ಟಚ್‌ಡೌನ್‌ಗೆ (ಚೆಂಡನ್ನು ಎದುರಾಳಿಯ ತುದಿಯ ಎಂಡ್ ಝೋನ್ ಎಂಬ ಪಟ್ಟಿಗೆ ಮುಟ್ಟಿಸಿದರೆ) 6, ಅದರ ಬೆನ್ನಿಗೆ ಒದ್ದು ಗಳಿಸಿದರೆ 1, ಓಡಿ ಅಥವಾ ಎಸೆದು ಗಳಿಸಿದರೆ 2, ಫೀಲ್ಡ್ ಗೋಲ್‌ಗೆ (ಆಟದ ನಡುವೆ ಚೆಂಡನ್ನು ಒದ್ದು ಕಂಬಗಳ ನಡುವೆ ಹಾಯಿಸಿದರೆ) 3, ಸೇಫ್ಟಿಗೆ (ಚೆಂಡು ಹಿಡಿದ ಎದುರಾಳಿಯನ್ನು ಅವನದೇ ಎಂಡ್ ಝೋನ್‌ನಲ್ಲಿ ಕೆಡವಿದರೆ) 2.

ವೇಳೆಯೇ ದೊಡ್ಡ ತೊಡಕು. ಅಮೆರಿಕದ ಪೂರ್ವ ಕರಾವಳಿಯ ಭಾನುವಾರ ಮಧ್ಯಾಹ್ನ ಒಂದರ ಪಂದ್ಯ ನಮಗೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ರಾತ್ರಿ 10.30ಕ್ಕೆ, ನವೆಂಬರ್ ಮೊದಲ ಭಾನುವಾರದಿಂದ 11.30ಕ್ಕೆ. ಸೂಪರ್ ಬೌಲ್ ಸೋಮವಾರ ನಸುಕಿನ ಐದಕ್ಕೆ. ಲಂಡನ್‌ನಲ್ಲಿ ಆಡುವ ಪಂದ್ಯಗಳು ಸಾಮಾನ್ಯವಾಗಿ ನಮ್ಮ ಸಂಜೆ ಏಳಕ್ಕೆ ಶುರು, ಮೊದಲ ಸಲ ನೋಡುವವರಿಗೆ ಅವೇ ಚೊಲೋ. ಪ್ರೀಮಿಯರ್ ಲೀಗ್‌ನ ಮಧ್ಯಾಹ್ನ ಮೂರರ ಪಂದ್ಯ ನಮಗೆ ಬೇಸಿಗೆ ವೇಳೆಯಲ್ಲಿ 7.30ಕ್ಕೆ, ಚಳಿಗಾಲದಲ್ಲಿ 8.30ಕ್ಕೆ. ಯುರೋಪ್ ಅಕ್ಟೋಬರಿನ ಕೊನೆಯ ಭಾನುವಾರವೇ ಗಡಿಯಾರ ಹಿಂದಕ್ಕಿಡುತ್ತದೆ, ಅಮೆರಿಕ ಒಂದು ವಾರ ತಡವಾಗಿ. ಆ ವಾರ ಹಳೆಯ ವೇಳಾಪಟ್ಟಿ ನಂಬಿ ಕೂತವರು ಮೋಸ ಹೋಗುತ್ತಾರೆ.

2023ರಿಂದ ಅಮೆರಿಕದ ಹೊರಗಿನವರಿಗೆ ಪಂದ್ಯ ನೋಡುವ ಚಂದಾ ಸೇವೆಯಾದ ಎನ್‌ಎಫ್‌ಎಲ್ ಗೇಮ್ ಪಾಸ್ ಡಾಝೋನ್ ಆ್ಯಪ್ ಮೂಲಕ ಸಿಗುತ್ತದೆ. ಎಚ್‌ಡಿಯಲ್ಲಿ ತಾಸಿಗೆ 3 ಜಿಬಿವರೆಗೆ ಡೇಟಾ ಹೋಗುತ್ತದೆ, ದಿನಕ್ಕೆ 2 ಜಿಬಿಯ ಮೊಬೈಲ್ ಪ್ಯಾಕ್ ಮೊದಲ ಕ್ವಾರ್ಟರ್ ದಾಟುವುದರಲ್ಲಿ ಮುಗಿದಿರುತ್ತದೆ. ಮನೆಯ ಫೈಬರ್ ವೈಫೈ ಬಳಸಿ, ಇಲ್ಲವೇ ಚಿತ್ರದ ಗುಣಮಟ್ಟ ಇಳಿಸಿ. ನಿಮಗೆ ನನ್ನ ಸಲಹೆ ಬೇರೆ: ನೇರ ಪ್ರಸಾರ ಬಿಟ್ಟು ಮರುದಿನ 40 ನಿಮಿಷದ ಸಂಕ್ಷಿಪ್ತ ಪಂದ್ಯ ನೋಡಿ. ನಿಂತ ಹೊತ್ತು ಕತ್ತರಿಸಿರುತ್ತಾರೆ, ಆಡಿದ ಒಂದು ಚೂರೂ ಹೋಗಿರುವುದಿಲ್ಲ. ನಮ್ಮ ಫುಟ್‌ಬಾಲನ್ನು ಹೀಗೆ ಕತ್ತರಿಸಲು ಬಾರದು, ಗೋಲಿನ ಹಿಂದಿನ ಇಪ್ಪತ್ತು ಪಾಸ್ ಬಿಟ್ಟರೆ ಗೋಲಿಗೆ ಅರ್ಥವಿಲ್ಲ.

ಹೈಸ್ಕೂಲ್ ಹುಡುಗರ ವಿಚಾರ. ಹೆಲ್ಮೆಟ್, ಭುಜದ ಕವಚ ಹಾಕಿ ಢಿಕ್ಕಿ ಹೊಡೆಯುವ ಆಟ ಬೇಡವೇ ಬೇಡ. ಖರ್ಚು ಹೆಚ್ಚು, ತಲೆಗೆ ಬೀಳುವ ಪೆಟ್ಟು ಇನ್ನೂ ಹೆಚ್ಚಿನದು. ಫ್ಲ್ಯಾಗ್ ಫುಟ್‌ಬಾಲ್ ಕಲಿಸಿ. 2023ರ ಅಕ್ಟೋಬರಿನಲ್ಲಿ ಮುಂಬೈಯಲ್ಲಿ ಸೇರಿದ ಒಲಿಂಪಿಕ್ ಸಮಿತಿ 2028ರ ಲಾಸ್ ಏಂಜಲೀಸ್ ಕ್ರೀಡಾಕೂಟಕ್ಕೆ ಕ್ರಿಕೆಟ್ ಸೇರಿಸಿದ ದಿನವೇ ಇದನ್ನೂ ಸೇರಿಸಿತು. ಒಂದು ಕಡೆಗೆ ಐವರು, 20 ನಿಮಿಷದ ಎರಡು ಅರ್ಧ. ಮೈದಾನ 50 ಗಜ ಉದ್ದ, 25 ಗಜ ಅಗಲ, ಎರಡೂ ತುದಿಗೆ 10 ಗಜದ ಎಂಡ್ ಝೋನ್. ಪೂರ್ಣ ಅಳತೆಯ ಫುಟ್‌ಬಾಲ್ ಮೈದಾನವಿದ್ದರೆ ಅಡ್ಡಲಾಗಿ ಇಂಥ ಮೂರು ಅಂಕಣ ಆರಾಮಾಗಿ ಕೂರುತ್ತವೆ. ಎದುರಾಳಿಯನ್ನು ಕೆಡವುವಂತಿಲ್ಲ, ಸೊಂಟದ ಪಟ್ಟಿ ಕಿತ್ತರೆ ಆಟ ಅಲ್ಲಿಗೆ ನಿಲ್ಲುತ್ತದೆ. ಬೆಲ್ಟ್ ಇಲ್ಲದಿದ್ದರೆ ಹಳೆ ಬಟ್ಟೆಯ ಪಟ್ಟಿಗಳನ್ನು ಎರಡೂ ಪಕ್ಕಕ್ಕೆ ಸಿಕ್ಕಿಸಿ. ಕಟ್ಟಬೇಡಿ, ಕಟ್ಟಿದರೆ ಎಳೆದಾಗ ಹುಡುಗನೇ ಬೀಳುತ್ತಾನೆ. ಅಂಗಿಯನ್ನು ಚಡ್ಡಿಯೊಳಗೆ ಸೇರಿಸಿರಬೇಕು, ಇಲ್ಲವಾದರೆ ಪಟ್ಟಿ ಮುಚ್ಚಿಹೋಗಿ ಜಗಳ ಶುರುವಾಗುತ್ತದೆ. ಜೇಬಿರುವ ಚಡ್ಡಿ ಬೇಡ, ಪಟ್ಟಿ ಕೀಳಲು ಹೋದ ಬೆರಳು ಜೇಬಿಗೆ ಸಿಕ್ಕಿ ಉಳುಕುತ್ತದೆ. ಚೆಂಡು ಕಿರಿಯರ ಅಳತೆಯದೇ ಇರಲಿ, ದೊಡ್ಡವರ ಚೆಂಡು ಆ ಕೈಗಳಿಗೆ ಹಿಡಿತಕ್ಕೆ ಸಿಗದೆ ಎಸೆದಾಗ ತೂರಾಡುತ್ತದೆ. ಕಬಡ್ಡಿ ಆಡಿದ ಹುಡುಗರು ನಡು ತಿರುಗಿಸಿ ತಪ್ಪಿಸಿಕೊಳ್ಳುವುದನ್ನು ಬೇಗ ಹಿಡಿಯುತ್ತಾರೆ, ಎಸೆಯುವುದನ್ನು ಮಾತ್ರ ಮೊದಲಿನಿಂದ ಕಲಿಸಬೇಕು.

ಫಲಿತಾಂಶದ ಬಗ್ಗೆ: ವಾರವಾರ ಹಾಕುವುದಿಲ್ಲ. ಆ ಅರ್ಧ ಪುಟವನ್ನು ಹಾವೇರಿ, ಗದಗ ಜಿಲ್ಲೆಗಳ ಶಾಲಾ ಪಂದ್ಯಗಳಿಗೆ ಮೀಸಲಿಟ್ಟಿದ್ದೇವೆ, ಅದನ್ನು ಬಿಟ್ಟುಕೊಡುವ ಮನಸ್ಸಿಲ್ಲ. ಸೂಪರ್ ಬೌಲ್‌ಗೆ ಮೊದಲಿನ ಸಂಚಿಕೆಯಲ್ಲಿ ನಿಯಮ, ವೇಳೆ, ಎರಡೂ ತಂಡಗಳ ಪರಿಚಯ ಒಂದು ಪುಟದಲ್ಲಿ ಬರುತ್ತದೆ.

— ಸಂ.